ಇನ್ನೂರಾ ನಲವತ್ತಕ್ಕೆ ಕಾದ ಕುರ್ಚಿ

ನಾನು ಒಂದು ಬೆತ್ತದ ಕುರ್ಚಿ. ಬೆತ್ತವೆಂದರೆ ಕೂಡುವ ಜಾಗ ಮತ್ತು ಬೆನ್ನಿನ ಜಾಗ ಮಾತ್ರ, ಉಳಿದದ್ದೆಲ್ಲ ಸಾಗವಾನಿ. ಹುಬ್ಬಳ್ಳಿಯಲ್ಲಿ ಯಾವುದೋ ಹಳೆಯ ಮನೆ ಕೆಡವಿದಾಗ ಅದರ ಬಾಗಿಲ ಚೌಕಟ್ಟು ಮೌನೇಶ ಬಡಿಗೇರನ ಕೈಗೆ ಸಿಕ್ಕಿತಂತೆ. ಅದರಲ್ಲಿ ಅವನು ನಾಲ್ಕು ಕುರ್ಚಿ ಮಾಡಿದ. ಕೊನೆಗೆ ಹುಟ್ಟಿದ್ದು ನಾನು. ಅಷ್ಟರಲ್ಲಿ ಮರ ಸಾಲದೆ ಬಂದು, ನನ್ನ ಮುಂದಿನ ಬಲಗಾಲಿಗೆ ಎರಡು ತುಂಡು ಸೇರಿಸಿ ಬೆಸೆದ. ಕೊಳ್ಳಲು ಬಂದವನಿಗೆ ಅದನ್ನು ಮುಚ್ಚಿಡಲೂ ಇಲ್ಲ.

"ಇದರ ಒಂದ ಕಾಲ ಸ್ವಲ್ಪ ನಾಜೂಕ ಐತ್ರಿ. ಕುಂತವ್ರು ಆಗಾಗ ಎದ್ದ ಅಡ್ಡಾಡಿದ್ರ ಏನೂ ಆಗೂದಿಲ್ಲ," ಅಂದ.

ನಾಲ್ಕನ್ನೂ ಕೊಂಡವನು ಪ್ರಾಣೇಶ ಇನಾಮದಾರ, ಶೇರು ಕೊಡಿಸುವ, ಮಾರಿಸುವ ದಲ್ಲಾಳಿ. ಕೊಪ್ಪಿಕರ ರಸ್ತೆಯ ಒಂದು ಮಾಳಿಗೆಯ ಮೇಲೆ ಅವನ ಆಫೀಸು. ಗೋಡೆಯ ಮೇಲೊಂದು ಟೀವಿ, ಅದರ ಕೆಳಗಂಚಿನಲ್ಲಿ ದಿನವಿಡೀ ಅಂಕಿಗಳ ಪಟ್ಟಿ ಓಡುತ್ತಿತ್ತು. ಮುಂಜಾನೆ ಪೇಟೆ ತೆರೆಯುವ ಮೊದಲೇ ಊರಿನ ನಾಲ್ಕಾರು ಹಿರಿಯರು ಬಂದು ನಮ್ಮ ಮೇಲೆ ಕೂತು, ಕತ್ತೆತ್ತಿ ಅದನ್ನೇ ನೋಡುತ್ತಿದ್ದರು.

ಕುರ್ಚಿಗೆ ಕೂತವರ ಮುಖ ಕಾಣುವುದಿಲ್ಲ. ನಮಗೆ ಗೊತ್ತಾಗುವುದು ಅವರ ಭಾರ, ಅವರ ಅಂಗೈ. ಬೆಲೆ ಏರುತ್ತಿದ್ದರೆ ಹಿಂದಕ್ಕೆ ಒರಗಿ ಕಾಲು ಚಾಚುತ್ತಾರೆ. ಇಳಿಯುತ್ತಿದ್ದರೆ ಅಂಚಿಗೆ ಸರಿದು ಕೂಡುತ್ತಾರೆ, ನನ್ನ ಕೈಗಳನ್ನು ಗಟ್ಟಿಯಾಗಿ ಹಿಡಿಯುತ್ತಾರೆ, ಅಂಗೈ ಬೆವರುತ್ತದೆ. ಟೀವಿ ನೋಡದೆಯೇ ನಾನು ಪೇಟೆಯ ಧಾರಣೆ ಹೇಳಬಲ್ಲವನಾಗಿದ್ದೆ. ಆ ವಿದ್ಯೆ ಯಾರಿಗೂ ಉಪಯೋಗಕ್ಕೆ ಬರಲಿಲ್ಲ.

ಒಂದು ದೀಪಾವಳಿಯ ಸಂಜೆ ಮಹಾರುದ್ರಪ್ಪ ಕಮಡೊಳ್ಳಿ ಅಲ್ಲಿಗೆ ಬಂದ. ಇಷ್ಟು ವರ್ಷ ಅವನನ್ನು ಹೊತ್ತಿದ್ದೇನೆ, ಏಕವಚನದಲ್ಲಿ ಕರೆದರೆ ಯಾರೂ ತಪ್ಪು ತಿಳಿಯಬಾರದು. ದಾಜಿಬಾನ ಪೇಟೆಯಲ್ಲಿ ಅವನದು ಪಾತ್ರೆ ಅಂಗಡಿ. ವ್ಯಾಪಾರದಲ್ಲಿ ಪಳಗಿದ ಕೈ. ಸೊಟ್ಟಾದ ಕೊಡ, ಹೊಳಪು ಹೋದ ತಂಬಿಗೆ ಇದ್ದರೆ ಅಸಲಿಗಿಂತ ಕಡಿಮೆಗೆ ಕೊಟ್ಟು ಕಳಿಸುತ್ತಿದ್ದ. "ಹಾಕ್ಕೊಂಡ ಕುಂತ್ರ ಸುಮ್ನ ಜಾಗಾ ಹಿಡಿತೈತಿ," ಎನ್ನುತ್ತಿದ್ದನಂತೆ. ಇಂಥವನಿಗೆ ಶೇರು ಪೇಟೆ ಯಾವ ಲೆಕ್ಕ ಎಂದು ನಿಮಗೆ ಅನ್ನಿಸಬಹುದು. ನನಗೂ ಹಾಗೇ ಅನ್ನಿಸಿತ್ತು.

ದೀಪಾವಳಿಯ ಸಂಜೆ ಶೇರು ಪೇಟೆ ಸ್ವಲ್ಪ ಹೊತ್ತು ಮುಹೂರ್ತಕ್ಕೆಂದು ತೆರೆಯುತ್ತದೆ. ಇನಾಮದಾರ ಕಂಪ್ಯೂಟರಿಗೆ ಹೂ ಏರಿಸಿ, ಎಲ್ಲರಿಗೂ ಪೇಢೆ ಹಂಚಿ, ಶಕುನಕ್ಕೆ ಏನಾದರೂ ಕೊಳ್ಳಿರಿ ಎನ್ನುತ್ತಿದ್ದ. ಬೇರೆಲ್ಲೂ ಜಾಗವಿಲ್ಲದೆ ಮಹಾರುದ್ರಪ್ಪ ನನ್ನ ಮೇಲೆ ಕೂತು, ಯಾವುದೋ ಸಿಮೆಂಟ್ ಕಂಪನಿಯ ಶೇರು ಕೊಂಡ. ಯುಗಾದಿಯ ಹೊತ್ತಿಗೆ ಅದು ಎರಡು ಪಟ್ಟಾಯಿತು. ಆ ವರ್ಷ ಪೇಟೆ ಯಾವ ಪರಿ ಏರಿತ್ತೆಂದರೆ ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತವರಿಗೂ ಲಾಭವಾಗಿತ್ತು. ಅದು ಯಾರಿಗೂ ನೆನಪಿಗೆ ಬರಲಿಲ್ಲ. ನನ್ನ ಮೇಲೆ ಕೂತೇ ಕೈ ಸುಟ್ಟುಕೊಂಡವರೂ ಇದ್ದರು, ಅವರೂ ನೆನಪಿಗೆ ಬರಲಿಲ್ಲ. ನನಗೆ ಲಕ್ಷ್ಮೀ ಕುರ್ಚಿ ಎಂಬ ಹೆಸರು ಬಿತ್ತು. ಶುಕ್ರವಾರಕ್ಕೊಮ್ಮೆ ನನ್ನ ಕೈಗೆ ಕುಂಕುಮ ಹಚ್ಚತೊಡಗಿದರು.

ಮುಂದೆ ಎಲ್ಲರ ಕೈಗೂ ಮೊಬೈಲು ಬಂತು, ಆಫೀಸಿಗೆ ಬರುವವರು ಕಡಿಮೆಯಾದರು. ಇನಾಮದಾರ ಒಂದು ಚಿಕ್ಕ ಖೋಲಿಗೆ ಹೋಗುವಾಗ ಸಾಮಾನು ಮಾರಿದ. ಉಳಿದ ಮೂರು ಕುರ್ಚಿಗಳನ್ನು ಕೇಳಿದವರಿಲ್ಲ. ನನಗೆ ಮಾತ್ರ ಇಬ್ಬರು ನಿಂತರು. ಇನ್ನೊಬ್ಬ ಕೇಳಿದ ಎಂಬುದಕ್ಕೇ ಮಹಾರುದ್ರಪ್ಪ ಬೆಲೆ ಏರಿಸುತ್ತ ಹೋದ. ಕೊನೆಗೆ ಅವನು ಕೊಟ್ಟ ಹಣದಲ್ಲಿ ಮೌನೇಶ ನನ್ನಂಥ ಆರು ಕುರ್ಚಿ ಮಾಡಿಕೊಡುತ್ತಿದ್ದ.

ಹಳೇ ಹುಬ್ಬಳ್ಳಿಯ ಅವನ ಮನೆಯ ಬಾಗಿಲಲ್ಲಿ ನನ್ನನ್ನು ಮೊದಲು ನೋಡಿದವಳು ಅವನ ಹೆಂಡತಿ ಕಸ್ತೂರೆವ್ವ.

"ಮನ್ಯಾಗ ಕುರ್ಚಿ ಇರಲಿಲ್ಲೇನ್ರಿ?" ಎಂದು ನಕ್ಕಳು. ನಕ್ಕಳೆಂದು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ಆಮೇಲೆ ಅದು ಕಡಿಮೆಯಾಯಿತು.

ಕಸ್ತೂರೆವ್ವನಿಗೆ ತವರಿನಿಂದ ನವನಗರದ ಕಡೆ ಒಂದು ಪ್ಲಾಟು ಬಂದಿತ್ತು. ಅದನ್ನು ಮಾರಿ ತನ್ನದೊಂದು ರೊಟ್ಟಿ ಕೇಂದ್ರ ತೆಗೆಯಬೇಕೆಂದು ಅವಳ ಆಸೆ. ಓಣಿಯ ತುದಿಯಲ್ಲಿ ಒಂದು ಮಳಿಗೆಯನ್ನೂ ನೋಡಿಟ್ಟಿದ್ದಳು. ಎರಡು ಮಷೀನು, ಕೆಲಸಕ್ಕೆ ನಾಲ್ಕು ಜನ ಹೆಂಗಸರು, ಖಡಕ್ ರೊಟ್ಟಿ, ಶೇಂಗಾ ಚಟ್ನಿ. ರೊಟ್ಟಿ ಬಡಿಯುತ್ತ ಅದನ್ನೇ ಮಾತಾಡುತ್ತಿದ್ದಳು. ಬೋರ್ಡಿಗೆ ಯಾವ ಬಣ್ಣ ಎಂಬುದೂ ನಿಶ್ಚಯವಾಗಿತ್ತು.

ಪ್ಲಾಟಿನ ಹಣ ಬಂದ ವಾರವೇ ಊರಲ್ಲೆಲ್ಲ ಪೈಪು ಮಾಡುವ ಒಂದು ಕಂಪನಿಯ ಮಾತು ಹಬ್ಬಿತು. ಚಹಾದ ಅಂಗಡಿಯಲ್ಲಿ ಅದೇ, ಕ್ಷೌರದ ಅಂಗಡಿಯಲ್ಲಿ ಅದೇ. ಮಹಾರುದ್ರಪ್ಪನ ಬೀಗನೂ ಕೊಂಡನಂತೆ. ನನ್ನ ಮೇಲೆ ಕೂತಿದ್ದ ಅವನಿಗೆ ಮೈಯೆಲ್ಲ ಇರುವೆ ಬಿಟ್ಟಂತಾಗಿತ್ತು.

"ಊರ ಮಂದಿಯೆಲ್ಲಾ ತಗೊಳ್ಳಾಕತ್ತಾರ, ನಾವಷ್ಟ ಬಾಯಿ ತಕ್ಕೊಂಡ ನೋಡೂದೇನು?" ಅಂದ. "ಎರಡ ತಿಂಗಳಾ ಅಷ್ಟ, ಕಸ್ತೂರಿ. ನಿನಗ ಎರಡ ಮಷೀನಿನ ಬದ್ಲಿ ನಾಕ ಬರ್ತಾವು."

"ಆ ಮಳಗಿಯವ್ರು ಅಷ್ಟ ದಿನಾ ಕಾಯೂದಿಲ್ರಿ," ಅಂದಳು ಅವಳು. ಆದರೂ ಬ್ಯಾಂಕಿನಲ್ಲಿ ಸಹಿ ಮಾಡಿದಳು. ಗಂಡ ವ್ಯಾಪಾರ ಬಲ್ಲವನೆಂದು ಅವಳಿಗೆ ನಂಬಿಕೆಯಿತ್ತು.

ಒಂದೊಂದು ಶೇರಿಗೆ ಇನ್ನೂರಾ ನಲವತ್ತು ರೂಪಾಯಿ ಬಿತ್ತು. ನಾಲ್ಕು ದಿನ ಏರಿತು. ಆಮೇಲೆ ಇಳಿಯಿತು. ಇಳಿಯುತ್ತಲೇ ಹೋಯಿತು.

ಇನಾಮದಾರ ಫೋನು ಮಾಡಿದ. "ಸಾವಕಾರ್ರ, ಆ ಕಂಪನಿ ಮಾತು ಛಲೋ ಕೇಳ್ಸವಲ್ಲದು. ಅರ್ಧಾ ಆದ್ರೂ ಮಾರಿಬಿಡ್ರಿ. ಉಳದ ರೊಕ್ಕಾ ಆದ್ರೂ ಕೈಗೆ ಹತ್ತತದ."

"ಮಾರಿದ್ರ ತಾನ ನಷ್ಟ, ಇನಾಮದಾರ? ಮಾರಲಿಲ್ಲಂದ್ರ ಎಲ್ಲಿ ನಷ್ಟ? ಕೊಂಡ ರೇಟಿಗೆ ಬರಲಿ, ಅವತ್ತ ಕೊಟ್ಟಬಿಡತೇನಿ."

ಸೊಟ್ಟ ಕೊಡವನ್ನು ನಗುನಗುತ್ತ ಕೊಟ್ಟು ಕಳಿಸುತ್ತಿದ್ದವನ ಮಾತು ಇದು. ಕೊಡ ಸೊಟ್ಟಾದರೆ ಕಣ್ಣಿಗೆ ಕಾಣುತ್ತದೆ. ಶೇರು ಸೊಟ್ಟಾದರೆ ನಾಳೆ ತಾನೇ ನೆಟ್ಟಗಾದೀತು ಎಂದು ಅವನಿಗೆ ತೋರುತ್ತಿತ್ತು. ಮಾರುವುದೆಂದರೆ ತಾನು ಹೆಡ್ಡನಾದೆನೆಂದು ಬೀಗನ ಮುಂದೆ, ಹೆಂಡತಿಯ ಮುಂದೆ ಒಪ್ಪಿಕೊಂಡಂತೆ. ಅದೊಂದು ಅವನಿಂದ ಆಗಲಿಲ್ಲ. ಇನ್ನೂರಾ ನಲವತ್ತು ಎಂಬುದು ಅವನ ಬಾಯಲ್ಲಿ ಜಪವಾಯಿತು.

ಒಂದು ದಿನ ಮನೆಯ ಟೀವಿಯಲ್ಲಿ ಬೆಲೆ ಸ್ವಲ್ಪ ಏರುತ್ತಿದ್ದಾಗ ಅವನು ಬಚ್ಚಲಿಗೆ ಎದ್ದು ಹೋದ. ಬರುವಷ್ಟರಲ್ಲಿ ಕುಸಿದಿತ್ತು. ಅಂದಿನಿಂದ ಅವನಿಗೆ ತಾನು ಎದ್ದದ್ದೇ ತಪ್ಪಾಯಿತೆಂದು ಖಾತ್ರಿಯಾಯಿತು. ಪೇಟೆ ತೆರೆಯುವ ಮೊದಲೇ ಸ್ನಾನ, ಪೂಜೆ ಮುಗಿಸಿ ನನ್ನ ಮೇಲೆ ಕೂತರೆ ಮುಚ್ಚುವವರೆಗೆ ಏಳುತ್ತಿರಲಿಲ್ಲ. ಊಟವೂ ಅಲ್ಲೇ. ಅಂಗಡಿಗೆ ಹೋಗುವುದು ಸಂಜೆ ಮಾತ್ರವಾಯಿತು. ಅಯ್ಯಾ, ನಾನು ಬರೀ ಕಟ್ಟಿಗೆ, ಮುಂಬಯಿಯಲ್ಲಿ ಯಾರೋ ಏನೋ ಮಾರಿದರೆ ನನ್ನಿಂದೇನಾಗುತ್ತದೆ, ಎದ್ದು ಅಂಗಡಿಗೆ ಹೋಗು ಎಂದು ಕೂಗಬೇಕೆನಿಸುತ್ತಿತ್ತು. ಬೆತ್ತ ಕಿರುಗುಟ್ಟಿದ್ದಷ್ಟೇ ಬಂತು. ಅದಕ್ಕೂ ಅವನು ಎಣ್ಣೆ ಹಾಕಿದ.

ಓಣಿಯ ತುದಿಯ ಮಳಿಗೆಯನ್ನು ಬೇರೆ ಯಾರೋ ಹಿಡಿದರು. ಅಲ್ಲಿ ರೊಟ್ಟಿ ಕೇಂದ್ರವೇ ತೆರೆಯಿತು. ಆ ದಿನ ಕಸ್ತೂರೆವ್ವ ಗಂಡನ ಮುಂದೆ ನಿಂತು, "ಇನ್ನೊಂದ ಮಳಗಿ ನೋಡತೇನಿ. ಆದ್ರ ನೀವ ಒಂದ ಮಾತ ಕೊಡ್ರಿ," ಅಂದಳು.

ಅವನು ಎದೆಯ ಮೇಲಿನ ಲಿಂಗವನ್ನು ಮುಟ್ಟಿಕೊಂಡ. "ಲಿಂಗದಾಣಿ, ಇನ್ನೂರಾ ನಲವತ್ತ ಬಂದ ದಿನಾನ ಮಾರತೇನಿ."

ಮರುವರ್ಷ ಅದು ನಿಜಕ್ಕೂ ಬಂತು.

ವಾರಗಟ್ಟಲೆ ಬೆಲೆ ಏರುತ್ತ ಬಂತು. ಎಂದೂ ಟೀವಿಯ ಕಡೆ ನೋಡದ ಕಸ್ತೂರೆವ್ವ ಆ ಓಡುವ ಪಟ್ಟಿಯಲ್ಲಿ ತನ್ನ ಕಂಪನಿಯನ್ನು ಗುರುತಿಸಲು ಕಲಿತಳು. ಅಂದು ಮುಂಜಾನೆ ಅವಳು ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದಳು, ಕೈತುಂಬ ಜೋಳದ ಹಿಟ್ಟು.

"ರೀ, ಮುಟ್ಟಿತು! ಇನ್ನೂರಾ ನಲವತ್ತ ಮುಟ್ಟಿತು ನೋಡ್ರಿ! ಫೋನ ಹಚ್ಚ್ರಿ!"

ಅವನು ಫೋನು ಹಚ್ಚಿದ. ಅಂಚಿನಲ್ಲಿ ಕೂತಿದ್ದ, ಅಂಗೈ ಬೆವರುತ್ತಿತ್ತು. ಆ ಕಡೆಯಿಂದ ಇನಾಮದಾರನ ದನಿ ನನಗೂ ಕೇಳಿಸಿತು. "ಹೇಳ್ರಿ ಸಾವಕಾರ್ರ, ಎಲ್ಲಾ ಮಾರ್ಲೇನು?"

ಮಾರಪ್ಪಾ, ಮಾರಿಬಿಡು ಎಂದು ನನ್ನ ಒಂದೊಂದು ಕೀಲೂ ಬೇಡಿಕೊಂಡಿತು. ಆಗ ಮಹಾರುದ್ರಪ್ಪ ಮೆಲ್ಲಗೆ ಹಿಂದಕ್ಕೆ ಒರಗಿದ. ಅವನ ಇಡೀ ಭಾರ ನನ್ನ ಬೆನ್ನಿಗೆ ಬಂತು, ಕಾಲು ಚಾಚಿದ. ಒರಗಿ ಕೂತವರು ಯಾರೂ ಮಾರಿದ್ದನ್ನು ನಾನು ಕಂಡಿಲ್ಲ.

"ತಡೀರಿ ಇನಾಮದಾರ. ಇಷ್ಟ ದಿನಾ ಕಾದೇವಿ. ಮುನ್ನೂರ ಮುಟ್ಟಲಿ."

"ಲಿಂಗದಾಣಿ ಮಾಡಿದ್ರಿ," ಅಂದಳು ಕಸ್ತೂರೆವ್ವ.

"ಆಣಿ ಮಾಡಿದ್ದು ನಷ್ಟ ತುಂಬ್ಕೊಳ್ಳಾಕ. ಈಗ ನಷ್ಟಾನ ಇಲ್ಲಲ್ಲ, ಮತ್ಯಾಕ ಅವಸರಾ?"

ಅವಳು ಅಲ್ಲೇ ನಿಂತಿದ್ದಳು. ಬೆರಳಿನ ಹಿಟ್ಟು ಒಣಗಿ ಬಿರಿಯುವವರೆಗೂ ನಿಂತಿದ್ದಳು. ನನಗೆ ನಾಲ್ಕು ಕಾಲಿದ್ದವು, ಓಡಿಹೋಗಲು ಬರಲಿಲ್ಲ. ಎರಡು ಕೈಗಳಿದ್ದವು, ಅವನ ರಟ್ಟೆ ಹಿಡಿದು ಎಬ್ಬಿಸಲು ಬರಲಿಲ್ಲ. ಇಷ್ಟು ಅಸಹಾಯಕವಾದ ವಸ್ತುವನ್ನು ಜನ ಅದೃಷ್ಟವೆಂದು ಹೊತ್ತು ತಂದಿದ್ದರು.

ಮುನ್ನೂರು ಬರಲಿಲ್ಲ. ಎರಡು ವಾರ ಇನ್ನೂರಾ ನಲವತ್ತರ ಆಚೀಚೆ ಆಡಿ, ಒಂದು ಸೋಮವಾರ ಬಿತ್ತು. ಕಂಪನಿಯ ಲೆಕ್ಕಪತ್ರವೆಲ್ಲ ಸುಳ್ಳೆಂದು ಟೀವಿಯಲ್ಲಿ ಹೇಳಿದರು. ಮಾರುತ್ತೇನೆಂದರೂ ಕೊಳ್ಳುವವರಿಲ್ಲದಾಯಿತು. ಕೊನೆಗೆ ಪೇಟೆಯಲ್ಲಿ ಆ ಶೇರಿನ ವ್ಯವಹಾರವನ್ನೇ ನಿಲ್ಲಿಸಿದರು. ಓಡುವ ಪಟ್ಟಿಯಿಂದ ಕಂಪನಿಯ ಹೆಸರು ಹೋಯಿತು.

ಆದರೂ ಅವನು ಏಳಲಿಲ್ಲ. "ಒಂದ ಛಲೋ ಆತು, ಇನ್ನ ಇಳಿಯೂದಂತೂ ಇಲ್ಲ," ಅಂದ. ಇಲ್ಲದ ಹೆಸರಿಗಾಗಿ ಪಟ್ಟಿಯನ್ನು ನೋಡುತ್ತ ಕೂತ. ಅಂಗಡಿಯ ಗಿರಾಕಿಗಳು ಪಕ್ಕದ ಅಂಗಡಿಗೆ ಹೋದರು, ಆಮೇಲೆ ಅಂಗಡಿಯೂ ಹೋಯಿತು. ಕಸ್ತೂರೆವ್ವ ಓಣಿಯ ತುದಿಯ ರೊಟ್ಟಿ ಕೇಂದ್ರಕ್ಕೆ ಕೂಲಿಗೆ ಹೋಗತೊಡಗಿದಳು. ತಾನು ನೋಡಿಟ್ಟಿದ್ದ ಅದೇ ಮಳಿಗೆಯಲ್ಲಿ, ಇನ್ನೊಬ್ಬರ ಬೋರ್ಡಿನ ಕೆಳಗೆ ಅವಳು ರೊಟ್ಟಿ ಬಡಿದಳು. ಸಂಜೆ ಬಂದು ಅವನಿಗೆ ನೀರು ಕೊಡುವಾಗ ಅವಳ ಸೆರಗಿನಿಂದ ಜೋಳದ ಹಿಟ್ಟಿನ ವಾಸನೆ ಬರುತ್ತಿತ್ತು. ಬೈಯುತ್ತಿರಲಿಲ್ಲ. ಬೈದಿದ್ದರೆ ನನಗೆ ಇಷ್ಟು ಸಂಕಟವಾಗುತ್ತಿರಲಿಲ್ಲ.

ಒಂದು ದಿನ ನನ್ನ ಬಲಗಾಲು ಮೌನೇಶ ಬೆಸೆದಲ್ಲೇ ಮುರಿಯಿತು. ಮಹಾರುದ್ರಪ್ಪ ನೆಲಕ್ಕೆ ಬಿದ್ದ. ಮೊಣಕೈ ಒರೆಸಿಕೊಂಡು ಎದ್ದು, ಕಾಲಿನ ಜಾಗಕ್ಕೆ ಇಟ್ಟಿಗೆ ಕೊಟ್ಟು ಮತ್ತೆ ನನ್ನ ಮೇಲೆಯೇ ಕೂತ. ಅಂದೇ ಓಣಿಯಲ್ಲಿ ಗುಜರಿ ಖಾಜಾಸಾಬನ ಗಾಡಿ ಬಂದಿತ್ತು. ಅಂದು ಕೂಲಿಗೆ ಹೋಗದಿದ್ದ ಕಸ್ತೂರೆವ್ವ ಅವನನ್ನು ಒಳಗೆ ಕರೆದಳು. ಅವನು ನನ್ನನ್ನು ನೋಡಿ ಚಿಲ್ಲರೆ ಬೆಲೆಯೊಂದು ಹೇಳಿದ.

"ಏ, ನಾ ಕೊಟ್ಟ ರೊಕ್ಕಾ ಎಷ್ಟ ಗೊತ್ತೈತೇನ?" ಎಂದು ಮಹಾರುದ್ರಪ್ಪ ಸಿಡಿದ. "ಕೊಂಡ ರೇಟ ಬರೂ ಮಟಾ ಇದನ್ನ ಕೊಡೂದಿಲ್ಲ!"

ಕಸ್ತೂರೆವ್ವ ದನಿ ಏರಿಸಲಿಲ್ಲ. "ಸೊಟ್ಟ ಕೊಡಾ ಹಾಕ್ಕೊಂಡ ಕುಂತ್ರ ಜಾಗಾ ಹಿಡಿತೈತಿ ಅಂತಿದ್ರಿ. ಯಾರ್ರಿ ಹಂಗ ಅಂತಿದ್ದವ್ರು?"

ಅವನ ಅಂಗೈಗಳು ನನ್ನ ಕೈಗಳ ಮೇಲೆ ತಣ್ಣಗಾದವು. ಪೇಟೆ ಇನ್ನೂ ತೆರೆದಿತ್ತು, ಟೀವಿಯಲ್ಲಿ ಅಂಕಿಗಳು ಓಡುತ್ತಿದ್ದವು. ಅವನು ಎದ್ದ. ಗಾಡಿಯ ಮೇಲಿಂದ ತಿರುಗಿ ನೋಡಿದಾಗ ಅವನು ಬರಿನೆಲದ ಮೇಲೆ ಕೂತಿದ್ದ, ಕಸ್ತೂರೆವ್ವ ಟೀವಿಯ ವಾಯರು ಕೀಳುತ್ತಿದ್ದಳು. ನನಗೆ ಅಳುವಷ್ಟು ಸಂತೋಷವಾಯಿತು. ನಾನು ಹೋದರೆ ಅವನು ಬದುಕುತ್ತಾನೆ ಎಂದುಕೊಂಡೆ.

ಖಾಜಾಸಾಬನ ಗುಜರಿಯಲ್ಲಿ ಮುರಿದ ಸೈಕಲ್ಲು, ತುಕ್ಕು ಹಿಡಿದ ಕೂಲರಿನ ನಡುವೆ ನನಗೊಂದು ಮೂಲೆ ಸಿಕ್ಕಿತು. ಎಷ್ಟೋ ಕೊಡಗಳೂ ಅಲ್ಲಿದ್ದವು. ಇಲ್ಲಿ ಯಾರೂ ನಮ್ಮ ಹಿಂದಿನ ಬೆಲೆ ಕೇಳುವುದಿಲ್ಲ, ಇವತ್ತಿನ ತೂಕವಷ್ಟೇ ಕೇಳುತ್ತಾರೆ. ಒಲೆಗೆ ಹೋದರೂ ಸರಿ ಎಂದು ನಾನು ನೆಮ್ಮದಿಯಿಂದಿದ್ದೆ.

ಈಗ, ತುಸು ಹೊತ್ತಿನ ಹಿಂದೆ, ಮಹಾರುದ್ರಪ್ಪ ಬಂದ. ಓಡಿ ಬಂದವನ ಹಾಗೆ ಏದುಸಿರು ಬಿಡುತ್ತಿದ್ದ.

"ಖಾಜಾಸಾಬ, ಆ ಕುರ್ಚಿ ಐತೇನ? ನಾ ಎದ್ದ ಮರುದಿನಾನ ಸುದ್ದಿ ಬಂತು ನೋಡು, ಆ ಕಂಪನಿ ಯಾರೋ ತಗೊಳ್ಳಾಕತ್ತಾರಂತ. ಮತ್ತ ಚಾಲೂ ಆಗತೈತಂತ! ಕರೆಕ್ಟ ಏರೂ ಹೊತ್ತಿನ್ಯಾಗ ಎದ್ದಬಿಟ್ಟೆ ನಾ, ಮತ್ತ ಬೀಳೂದ್ರಾಗ ಕುಂದರಬೇಕು."

"ಕಾಲ ಮುರದ ಕುರ್ಚಿ, ಸಾವಕಾರ್ರ. ಎದಕ್ಕರೀ ಇದು? ಮನೀಗ ಹೋಗ್ರಿ," ಅಂದ ಖಾಜಾಸಾಬ.

ಕೊಡಬೇಡವೋ ಖಾಜಾಸಾಬ, ಸುಟ್ಟುಬಿಡು ನನ್ನನ್ನು. ಅವನಿಗೆ ಕೇಳಿಸಲಿಲ್ಲ. ಮಹಾರುದ್ರಪ್ಪ ಆಗಲೇ ನನ್ನ ಮೇಲೆ, ಮೂರು ಕಾಲಿನ ಮೇಲೆ, ಓಲುತ್ತ ಕೂತಿದ್ದ. ಹಿಂದಕ್ಕೆ ಒರಗಿದ. ಒರಗಿಯೇ ಕಿಸೆಯಿಂದ ಮಡಚಿದ ನೋಟುಗಳನ್ನು ತೆಗೆದ. ಹತ್ತು, ಇಪ್ಪತ್ತರ ನೋಟುಗಳು. ಬಿಡಿಸಿ ಎಣಿಸುವಾಗ ನನ್ನ ಕೈಯ ಮೇಲೆ ಬಿಳಿಯ ಪುಡಿ ಉದುರಿತು.

ಜೋಳದ ಹಿಟ್ಟು.

ಈಗ ನನ್ನನ್ನು ಆಟೋದ ಹಿಂದೆ ಕಟ್ಟುತ್ತಿದ್ದಾರೆ. ಸಂಜೆಯಾಗುತ್ತ ಬಂತು, ಕಸ್ತೂರೆವ್ವ ಕೆಲಸ ಮುಗಿಸಿ ಮನೆಗೆ ಬಂದಿರುತ್ತಾಳೆ. ಬಾಗಿಲು ತೆರೆಯುವವಳು ಅವಳೇ.