ಅಳಿಯ ಕ್ಯೂಬ್

ಮಧ್ಯಾಹ್ನ ಮೂರರ ಹೊತ್ತಿಗೆ ಪರೀಕ್ಷಾಲಯದ ಹಿಂದಿನ ಕೋಣೆಯಲ್ಲಿ ಎಣ್ಣೆಯ ವಾಸನೆ ತುಂಬಿರುತ್ತದೆ. ಬೆಳಗ್ಗಿನಿಂದ ಕಾಂಕ್ರೀಟ್ ಒಡೆಯುತ್ತಿರುವ ಯಂತ್ರ ಆ ವೇಳೆಗೆ ಬಿಸಿಯಾಗಿರುತ್ತದೆ. ಅಕ್ಕ ಆ ಯಂತ್ರದ ಮುಂದೆ ಹನ್ನೊಂದು ವರ್ಷದಿಂದ ನಿಂತಿದ್ದಾಳೆ. ಅಲ್ಲಿ ಕೆಲಸ ಮಾಡುವವರೆಲ್ಲ ಅವಳನ್ನು ಮೇಡಂ ಎನ್ನುತ್ತಾರೆ. ಅಕ್ಕ ಎನ್ನುವವನು ಒಬ್ಬನೇ, ಆ ದಿನ ಯಂತ್ರದ ಸುತ್ತಲಿನ ಜಾಲರಿಯ ಆಚೆ ಹೆಲ್ಮೆಟ್ ಹಿಡಿದು ನಿಂತಿದ್ದ ಅವಳ ತಮ್ಮ.

ತಮ್ಮ ಒಬ್ಬ ದೊಡ್ಡ ಗುತ್ತಿಗೆದಾರನ ಬಳಿ ಸೈಟ್ ಎಂಜಿನಿಯರ್. ಎರಡು ವರ್ಷ ಕೆಲಸವಿಲ್ಲದೆ ಮನೆಯಲ್ಲಿ ಕೂತಿದ್ದವನಿಗೆ ಸಿಕ್ಕ ಮೊದಲ ಕಾಯಂ ನೌಕರಿ ಅದು. ಹೆಂಡತಿಗೆ ಈಗ ಏಳು ತಿಂಗಳು. ಅವನು ವಾರಕ್ಕೆರಡು ಸಲ ಬಂದು ಕ್ಯೂಬ್‌ಗಳನ್ನು ಇಳಿಸಿ, ಒಂದು ಲೋಟ ಚಹಾ ಕುಡಿದು, ಅಕ್ಕನನ್ನು ಒಂದಿಷ್ಟು ಗೋಳು ಹೊಯ್ದುಕೊಂಡು ಹೊರಡುತ್ತಿದ್ದ. ಆ ದಿನ ಮಾತ್ರ ಕಾದು ನಿಂತಿದ್ದ. ಐದು ಗಂಟೆಯೊಳಗೆ ವರದಿ ಕೈಗೆ ಸಿಗಬೇಕು, ನಾಳೆ ಬೆಳಗ್ಗೆ ಏಳಕ್ಕೆ ಗ್ರಂಥಾಲಯದ ಚಾವಣಿಗೆ ಕೊಟ್ಟ ಸೆಂಟ್ರಿಂಗ್ ಬಿಚ್ಚುತ್ತೇವೆ ಎಂದಿದ್ದ.

ಹೊಸ ಗ್ರಂಥಾಲಯದ ಓದುವ ಕೋಣೆ ಅದು. ಹತ್ತು ಮೀಟರ್ ಅಗಲ, ಹದಿನಾರು ಮೀಟರ್ ಉದ್ದ, ನಡುವೆ ಒಂದೂ ಕಂಬವಿಲ್ಲ. ಚಾವಣಿಗೆ ಕಾಂಕ್ರೀಟ್ ಹಾಕಿ ಇಪ್ಪತ್ತೆಂಟು ದಿನವಾಗಿತ್ತು. ಇಷ್ಟು ದಿನ ಅದನ್ನು ಹೊತ್ತು ನಿಂತಿದ್ದ ಕಬ್ಬಿಣದ ಜಾಕಿಗಳನ್ನು ಹನ್ನೆರಡು ಜನ ಕೆಳಗೆ ನಿಂತು ಒಂದೊಂದಾಗಿ ಸಡಿಲಿಸಬೇಕು. ಆಮೇಲೆ ಚಾವಣಿ ತನ್ನ ಭಾರವನ್ನು ತಾನೇ ಹೊರಬೇಕು.

ಹೊರುತ್ತದೋ ಇಲ್ಲವೋ ಎಂದು ಹೇಳುವುದು ಕ್ಯೂಬ್. ಕಾಂಕ್ರೀಟ್ ಹಾಕುವಾಗಲೇ ಲಾರಿಯಿಂದ ಒಂದಿಷ್ಟು ತೆಗೆದು ಕಬ್ಬಿಣದ ಅಚ್ಚಿಗೆ ತುಂಬುತ್ತಾರೆ. ಎಂಟು ಕಿಲೋ ತೂಗುವ ಚೌಕ ತುಂಡುಗಳಾಗುತ್ತವೆ. ಅವನ್ನು ನೀರಿನಲ್ಲಿ ಮುಳುಗಿಸಿಟ್ಟು ಏಳನೇ ದಿನ ಮೂರು, ಇಪ್ಪತ್ತೆಂಟನೇ ದಿನ ಮೂರು ಒಡೆಯುತ್ತಾರೆ. ಕಟ್ಟಡವನ್ನೇ ಒಡೆದು ನೋಡಲು ಬರುವುದಿಲ್ಲವಾದ್ದರಿಂದ ಈ ತುಂಡುಗಳೇ ಸಾಕ್ಷಿ.

ಮೂರೂ ಕ್ಯೂಬ್‌ಗಳ ಮೇಲೆ ಚಾವಣಿ ಹಾಕಿದ ದಿನದ ತಾರೀಖು ಹಳದಿ ಬಣ್ಣದಲ್ಲಿತ್ತು. ಅಕ್ಕ ಒಂದೊಂದನ್ನೇ ಒರೆಸಿ, ತೂಕ ಮಾಡಿ, ಯಂತ್ರದೊಳಗಿಟ್ಟಳು. ತಾಳಬೇಕಾದ ಒತ್ತಡದ ಅಂಕಿ ಇಪ್ಪತ್ತೈದು. ಮೊದಲನೆಯದು ಮೂವತ್ತನಾಲ್ಕು ದಾಟಿ ಒಡೆಯಿತು. ಎರಡನೆಯದೂ ಹಾಗೇ, ಮೂರನೆಯದೂ ಹಾಗೇ. ತಮ್ಮ ಜಾಲರಿಯ ಆಚೆಯಿಂದ, ಇದು ಗ್ರಂಥಾಲಯವಲ್ಲ ಕೋಟೆ, ಬರೆದುಬಿಡು ಎಂದು ನಕ್ಕ. ಆ ನಗೆ ಸ್ವಲ್ಪ ಬೇಗ ಬಂತು ಎಂದು ಅಕ್ಕನಿಗೆ ಅನಿಸಿತು.

ಚೂರುಗಳನ್ನು ಸಲಿಕೆಯಲ್ಲಿ ಎತ್ತಿ ಡಬ್ಬಿಗೆ ಸುರಿಯುವಾಗ ಅವಳ ಕೈ ನಿಂತಿತು. ಒಡೆದ ಮೈಯಲ್ಲಿ ಕಾಣುತ್ತಿದ್ದ ಜಲ್ಲಿ ಕಪ್ಪಗಿತ್ತು. ಒಂದು ತುಂಡನ್ನು ಎತ್ತಿಕೊಂಡು ಕಿಟಕಿಯ ಬಳಿ ಹೋದಳು. ಇನ್ನೊಂದನ್ನು ನೋಡಿದಳು. ಮೂರರಲ್ಲೂ ಕಪ್ಪೇ.

ಅವಳು ಮುಂದಿನ ಕೋಣೆಗೆ ಹೋಗಿ ಕಪಾಟಿನಿಂದ ಗ್ರಂಥಾಲಯದ ಫೈಲು ತೆಗೆದಳು. ಹುಡುಕುತ್ತಿದ್ದ ಕಾಗದ ಐದೇ ನಿಮಿಷದಲ್ಲಿ ಸಿಕ್ಕಿತು. ಗುತ್ತಿಗೆದಾರನ ಪತ್ರ: ಹಳೆಯ ಕ್ವಾರಿ ಮುಚ್ಚಿದೆ, ಕಪ್ಪು ಜಲ್ಲಿಯ ದಾಸ್ತಾನು ಸಂಪೂರ್ಣ ಮುಗಿದಿದೆ, ಹೊಸ ಕ್ವಾರಿಯ ಜಲ್ಲಿಯನ್ನು ಪರೀಕ್ಷಿಸಿ ಒಪ್ಪಿಗೆ ಕೊಡಿ. ಕೆಳಗೆ ತಮ್ಮನ ಸಹಿ. ಪತ್ರದ ತಾರೀಖು ಚಾವಣಿ ಹಾಕುವುದಕ್ಕೆ ಹದಿನಾರು ದಿನ ಮೊದಲಿನದು. ಆ ಹೊಸ ಜಲ್ಲಿಯನ್ನು ಜರಡಿ ಹಿಡಿದವಳು ಅವಳೇ. ಇಟ್ಟಿಗೆಯಂತೆ ಕೆಂಪಗಿದ್ದ ಅದರ ಧೂಳು ಎರಡು ದಿನ ಉಗುರಿನ ಸಂದಿ ಬಿಟ್ಟು ಹೋಗಿರಲಿಲ್ಲ.

ತಮ್ಮನನ್ನು ಹಿತ್ತಲಿಗೆ ಕರೆದಳು. ಅಲ್ಲಿ ಕ್ಯೂಬ್‌ಗಳನ್ನು ಮುಳುಗಿಸಿಡುವ ನೀರಿನ ತೊಟ್ಟಿಗಳಿದ್ದವು. ಬೇರೆ ಯಾರೂ ಇರಲಿಲ್ಲ. ಅಂಗೈ ಮೇಲಿನ ಕಪ್ಪು ಚೂರನ್ನು ಮುಂದೆ ಹಿಡಿದು, ಇದು ಯಾವ ಚಾವಣಿಯದು ಎಂದು ಕೇಳಿದಳು.

ಹಳೇ ಜಲ್ಲಿ ಒಂದಿಷ್ಟು ಉಳಿದಿತ್ತು ಎಂದ ತಮ್ಮ. ಅವಳು ಇನ್ನೊಂದು ಕೈಯಲ್ಲಿದ್ದ ಪತ್ರ ತೋರಿಸಿದಳು. ಅವನು ತನ್ನದೇ ಸಹಿಯನ್ನು ನೋಡಿದ. ಅವನ ಮುಖ ಸಪ್ಪಗಾಯಿತು.

"ಕಲ್ಲು ಬದಲಾದದ್ದು ತಲೆಗೇ ಬರಲಿಲ್ಲ, ಅಕ್ಕ," ಎಂದ.

ಆಮೇಲೆ ಅವನು ಒಂದೊಂದೇ ಹೊರಹಾಕಿದ. ಅವರ ಸೈಟುಗಳಲ್ಲಿ ಇದಕ್ಕೆ ಅಳಿಯ ಕ್ಯೂಬ್ ಎನ್ನುತ್ತಾರೆ. ಮನೆಮಂದಿಗೆ ಇಲ್ಲದ ಉಪಚಾರ ಅಳಿಯನಿಗೆ ನಡೆಯುವ ಹಾಗೆ, ಕಟ್ಟಡಕ್ಕಿಲ್ಲದ ಸಿಮೆಂಟು ಈ ಕ್ಯೂಬ್‌ಗಳಿಗೆ. ಮೂರು ತಿಂಗಳಿಗೊಮ್ಮೆ ಒಂದೇ ದಿನ ಮೂವತ್ತು, ನಲವತ್ತು ಹಾಕಿ ತೊಟ್ಟಿಯಲ್ಲಿ ಬಿಟ್ಟಿರುತ್ತಾರೆ. ವರದಿ ಬೇಕಾದಾಗ ಬೇಕಾದ ತಾರೀಖು ಬರೆದು ತರುತ್ತಾರೆ. ವಯಸ್ಸೂ ಹೆಚ್ಚು, ಸಿಮೆಂಟೂ ಹೆಚ್ಚು, ಸೋಲುವ ಪ್ರಶ್ನೆಯೇ ಇಲ್ಲ. ಗ್ರಂಥಾಲಯದ ಏಳನೇ ದಿನದ ಪರೀಕ್ಷೆಗೂ ಅಳಿಯಂದಿರೇ ಬಂದಿದ್ದರು. ಆ ದಿನ ಅಕ್ಕ ರಜೆಯಲ್ಲಿದ್ದಳು.

ಅವಳು ಕೇಳಿದ್ದು ಒಂದೇ. ಚಾವಣಿ ಹಾಕಿದ ದಿನ ಏನಾದರೂ ಆಗಿತ್ತೇ?

ಆಗಿತ್ತು. ಆರನೇ ಲಾರಿ ಖಾಲಿಯಾಗುವಾಗ ಪಂಪು ಕಟ್ಟಿಕೊಂಡಿತು. ಉಳಿದ ನಾಲ್ಕು ಲಾರಿ ಬಿಸಿಲಿನಲ್ಲಿ ಎರಡು ಗಂಟೆಗೂ ಹೆಚ್ಚು ನಿಂತವು. ಕಾಂಕ್ರೀಟ್ ಬಿಗಿಯತೊಡಗಿತ್ತು. ವಾಪಸು ಕಳಿಸಬೇಕಿತ್ತು. ಗುತ್ತಿಗೆದಾರ ಫೋನಿನಲ್ಲೇ, ನೀರು ಬಿಟ್ಟು ಸಡಿಲ ಮಾಡಿ ಹಾಕಿ ಎಂದ. ಹೀಗೆ ನೀರು ಬೆರೆಸಿದರೆ ಕಾಂಕ್ರೀಟಿನ ಬಲ ಇಳಿಯುತ್ತದೆ. ಪೈಪು ಹಿಡಿದವರು ಕೂಲಿಯವರು, ಪಕ್ಕದಲ್ಲಿ ನಿಂತು ನೋಡಿದವನು ಇವನು.

"ಗಟ್ಟಿಯಾಗೇ ಇರಬಹುದು ಅಕ್ಕ. ಇಪ್ಪತ್ತೆಂಟು ದಿನ ನೀರುಣಿಸಿದ್ದೀವಿ. ಒಂದು ಬಿರುಕಿಲ್ಲ."

"ಜಾಕಿ ಹೊತ್ತಿರುವಾಗ ಬಿರುಕು ಯಾಕೆ ಬರುತ್ತೆ? ಇರಬಹುದು ಅಂತೀಯಲ್ಲ, ಆ 'ಇರಬಹುದು' ಕೆಳಗೆ ನಾಳೆ ನೀನು ನಿಂತ್ಕೋತೀಯಾ?"

ನಿನಗೆ ಹೇಳೋದು ಸುಲಭ ಎಂದ ತಮ್ಮ. ಈ ಗುತ್ತಿಗೆದಾರನ ಬಾಯಿಗೆ ಬಿದ್ದವರಿಗೆ ಇನ್ನೆಲ್ಲೂ ಕೆಲಸ ಸಿಗುವುದಿಲ್ಲ. ಒಂದು ಫೋನು ಸಾಕು. ಎರಡು ವರ್ಷ ಮನೆಯಲ್ಲಿ ಕೂತಾಗ ಮಾವನ ಮನೆಯವರು ಆಡಿದ ಮಾತು ಅವನಿಗೆ ಗೊತ್ತು, ಅಕ್ಕನಿಗೂ ಗೊತ್ತು. ಎಲ್ಲ ಸೈಟಿನಲ್ಲೂ ಇದೇ ನಡೆಯುತ್ತದೆ, ಯಾವ ಕಟ್ಟಡ ಬಿದ್ದಿದೆ ಹೇಳು ಎಂದು ಕೇಳಿದ. ಅವನ ದನಿಯಲ್ಲಿ ಜಗಳವಿರಲಿಲ್ಲ, ಬೇಡಿಕೆಯಿತ್ತು.

ಅಕ್ಕ ಪತ್ರವನ್ನೂ ಕಲ್ಲನ್ನೂ ಹಿಡಿದು ಯಜಮಾನರ ಕೋಣೆಗೆ ಹೋದಳು. ಪರೀಕ್ಷಾಲಯ ಕಟ್ಟಿದವರು ಅವರು. ಕೆಟ್ಟವರಲ್ಲ. ಯಂತ್ರದ ಮುಳ್ಳು ಕೂದಲಷ್ಟು ತಪ್ಪಿದರೂ ಕೆಲಸ ನಿಲ್ಲಿಸಿ ಸರಿಮಾಡಿಸುವವರು. ಅವಳು ಹೇಳಿದ್ದನ್ನು ಪೂರ್ತಿ ಕೇಳಿಸಿಕೊಂಡರು. ಕನ್ನಡಕ ತೆಗೆದು ಕಲ್ಲು ನೋಡಿದರು. ಆಮೇಲೆ ವರದಿಯ ನಮೂನೆಯನ್ನು ಮುಂದೆ ಸರಿಸಿ ಕೊನೆಯ ಸಾಲಿನ ಮೇಲೆ ಬೆರಳಿಟ್ಟರು. 'ಈ ಫಲಿತಾಂಶ ಗ್ರಾಹಕರು ತಂದುಕೊಟ್ಟ ಮಾದರಿಗೆ ಮಾತ್ರ ಅನ್ವಯಿಸುತ್ತದೆ' ಎಂದು ಅಲ್ಲಿ ಅಚ್ಚಾಗಿತ್ತು.

"ನೋಡಮ್ಮ, ಮೂರು ಕ್ಯೂಬ್ ತಂದರು, ಮೂರು ಒಡೆದೆವು. ಬಂದ ಅಂಕಿ ಸುಳ್ಳಾ?"

ಸುಳ್ಳಲ್ಲ ಎಂದಳು ಅಕ್ಕ.

"ಮತ್ತೆ? ನಾವು ಪರೀಕ್ಷೆ ಮಾಡೋರು, ಪೊಲೀಸರಲ್ಲ. ಅವರು ಎಲ್ಲಿಂದ ತಂದರು ಅಂತ ಪತ್ತೆ ಹಚ್ಚೋಕೆ ಹೊರಟರೆ ನಾಳೆಯಿಂದ ಯಾರೂ ಈ ಬಾಗಿಲಿಗೆ ಬರೋದಿಲ್ಲ. ಆರು ಜನ ಇಲ್ಲಿ ದುಡೀತಾ ಇದ್ದಾರೆ. ನಮ್ಮ ಕೆಲಸದ ಮೂರನೇ ಒಂದು ಪಾಲು ಆ ಗುತ್ತಿಗೆದಾರನದು."

"ಅಂಕಿ ನಿಜ ಸರ್. ತಾರೀಖು ಸುಳ್ಳು ಅಂತ ಗೊತ್ತಿದ್ದೂ ಅದರ ಪಕ್ಕ ಬರೆದರೆ, ಆ ನಿಜಕ್ಕೆ ಏನು ಬೆಲೆ? ಅದನ್ನ ನೋಡೇ ನಾಳೆ ಹನ್ನೆರಡು ಜನ ಕೆಳಗೆ ಹೋಗ್ತಾರೆ."

ಷರಾ ಎಂಬ ಕಲಂನಲ್ಲಿ ಒಂದು ಸಾಲು ಬರೆಯಲು ಬಿಡಿ, ಕಲ್ಲಿನ ಬಣ್ಣ ಇಷ್ಟೇ ಬರೆಯುತ್ತೇನೆ, ಆರೋಪ ಮಾಡುವುದಿಲ್ಲ ಎಂದು ಕೇಳಿದಳು. ಯಜಮಾನರು ನಮೂನೆಯನ್ನು ತಮ್ಮ ಕಡೆಗೆ ಎಳೆದುಕೊಂಡರು. ನಿನಗೆ ಮನಸ್ಸಿಲ್ಲದಿದ್ದರೆ ನೀನು ಸಹಿ ಮಾಡಬೇಡ, ನಾನು ಮಾಡುತ್ತೇನೆ ಎಂದರು. ಷರಾ ಕಲಂನಲ್ಲಿ 'ಇಲ್ಲ' ಎಂದು ತಾವೇ ಬರೆದರು, ಸಹಿ ಹಾಕಿದರು, ಮೊಹರು ಒತ್ತಿದರು. ಒತ್ತುವಾಗ ಅವಳ ಮುಖ ನೋಡಲಿಲ್ಲ.

ನಾಲ್ಕೂವರೆಗೆ ವರದಿ ತಮ್ಮನ ಕೈಯಲ್ಲಿತ್ತು. ಅವನು ಅದನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಬೈಕಿನ ಬಳಿ ಹೋದ. ಅಕ್ಕ ಗೇಟಿನವರೆಗೆ ಹಿಂದೆ ಹೋದಳು.

ಆ ದಿನದ ಲಾರಿಯಿಂದ ಕ್ಯೂಬ್ ಹಾಕಲೇ ಇಲ್ಲವೇ ಎಂದು ಕೇಳಿದಳು.

ಹಾಕಿದ್ದೇನೆ ಎಂದ ಅವನು, ಅವಳತ್ತ ತಿರುಗದೆ. ನೀರು ಬಿಟ್ಟ ಮೇಲೆ ಏಳನೇ ಲಾರಿಯಿಂದ ಆರು ತುಂಬಿದ್ದ. ಯಾರೂ ಹೇಳಿರಲಿಲ್ಲ. ಅಚ್ಚುಗಳು ಖಾಲಿ ಬಿದ್ದಿದ್ದವು, ಕೈ ಸುಮ್ಮನಿರಲಿಲ್ಲ, ಅಷ್ಟೇ. ಅವು ಸೈಟಿನ ತೊಟ್ಟಿಯ ಮೂಲೆಯಲ್ಲಿವೆ. ಎಸೆದುಬಿಡು ಎಂದು ಗುತ್ತಿಗೆದಾರನ ಮ್ಯಾನೇಜರ್ ಎರಡು ಸಲ ಹೇಳಿದ್ದ. ಎಸೆದಿಲ್ಲ.

"ಹಾಗಾದ್ರೆ ಕೇಳು," ಎಂದಳು ಅಕ್ಕ. "ಗ್ರಂಥಾಲಯದ ಕಡೆಯ ಎಂಜಿನಿಯರ್ ನಂಬರ್ ಆ ಫೈಲಿನಲ್ಲಿದೆ. ಆರು ಗಂಟೆಗೆ ನಾನು ಅವರಿಗೆ ಫೋನ್ ಮಾಡ್ತೀನಿ. ಕಂಡದ್ದು ಹೇಳ್ತೀನಿ. ಕ್ಯೂಬ್ ಯಾರು ತಂದರು ಅಂತ ಕೇಳಿದ್ರೆ ಅದನ್ನೂ ಹೇಳ್ತೀನಿ."

"ನಾನು ನಿನ್ನ ತಮ್ಮ."

"ಅದಕ್ಕೇ ಆರು ಗಂಟೆ ಅಂದೆ. ಬೇರೆಯವನಾಗಿದ್ರೆ ಇಷ್ಟು ಹೊತ್ತಿಗೆ ಮಾಡಿ ಆಗ್ತಿತ್ತು."

ಅವನು ಬೈಕು ಚಾಲೂ ಮಾಡಿ ಹೊರಟುಹೋದ. ಅಕ್ಕ ಒಳಗೆ ಬಂದು ಕೂತಳು. ಫೋನಿನಲ್ಲಿ ನಂಬರು ಒತ್ತಿಟ್ಟುಕೊಂಡಳು, ಕರೆ ಮಾಡಲಿಲ್ಲ. ಐದು ಗಂಟೆಗೆ ಉಳಿದವರು ಬ್ಯಾಗು ಹೆಗಲಿಗೇರಿಸಿ ಹೊರಟರು. ಐದೂಕಾಲಿಗೆ ಯಜಮಾನರು ತಮ್ಮ ಕೋಣೆಯ ದೀಪ ಆರಿಸಿದರು. ಆದರೆ ಹೊರಗೆ ಬರಲಿಲ್ಲ. ಅವಳು ಯಂತ್ರದ ತಟ್ಟೆ ಒರೆಸಿದಳು, ಒರೆಸಿದ್ದನ್ನೇ ಮತ್ತೆ ಒರೆಸಿದಳು. ಅವನು ನೇರ ಗುತ್ತಿಗೆದಾರನ ಬಳಿ ಹೋಗಿರಬಹುದು. ಆ ಆರು ಕ್ಯೂಬ್‌ಗಳು ಈಗಾಗಲೇ ಯಾವುದೋ ಗುಂಡಿಯಲ್ಲಿರಬಹುದು. ತಮ್ಮನ ಬಸುರಿ ಹೆಂಡತಿಯ ಮುಖ ಎದುರು ಬಂತು. ಆರು ಗಂಟೆ ಎಂದದ್ದು ತಪ್ಪಾಯಿತೇ ಎಂದೂ, ಅಷ್ಟೂ ಕೊಡಬಾರದಿತ್ತು ಎಂದೂ, ಎರಡೂ ಒಟ್ಟಿಗೇ ಅನಿಸಿದವು.

ಆರಕ್ಕೆ ಹನ್ನೆರಡು ನಿಮಿಷವಿದ್ದಾಗ ಗೇಟಿನ ಬಳಿ ಆಟೋ ನಿಂತಿತು. ತಮ್ಮ ಒದ್ದೆ ಗೋಣಿಚೀಲದಲ್ಲಿ ಸುತ್ತಿದ ಕ್ಯೂಬ್‌ಗಳನ್ನು ತೋಳಿಗೊಂದರಂತೆ ಅವಚಿಕೊಂಡು ತಂದ. ಪರೀಕ್ಷೆಗೆ ಬೇಕಾದ ಮೂರನೆಯದಕ್ಕೆ ಮತ್ತೊಮ್ಮೆ ಹೋಗಿ ಬಂದ. ಅಂಗಿಯ ಮುಂಭಾಗವೆಲ್ಲ ಕೆಸರು. ಅಕ್ಕ ತೂಕ ಮಾಡಿದಳು, ಅಳೆದಳು, ಯಂತ್ರದೊಳಗಿಟ್ಟಳು. ಮುಳ್ಳನ್ನು ನೀನೇ ಓದು ಎಂದಳು.

ಇಪ್ಪತ್ತೈದು ಬೇಕಿದ್ದಲ್ಲಿ ಮೊದಲನೆಯದು ಹದಿನಾರನ್ನೂ ಮುಟ್ಟದೆ ಒಡೆಯಿತು. ಸದ್ದು ಕೂಡ ಬರಲಿಲ್ಲ, ಒದ್ದೆ ರೊಟ್ಟಿ ಮುರಿದಂತೆ ಕುಸಿಯಿತು. "ಹದಿನೈದು ಪಾಯಿಂಟ್ ಎಂಟು," ಎಂದ ತಮ್ಮ. ಎರಡನೆಯದು ಹದಿನಾರು ಪಾಯಿಂಟ್ ನಾಲ್ಕು. ಮೂರನೆಯದನ್ನು ಅವನು ಮುಳ್ಳಿನ ಹತ್ತಿರ ಬಾಗಿ ಓದಿದ. "ಹದಿನೈದು ಪಾಯಿಂಟ್ ಒಂದು."

ತಟ್ಟೆಯ ಮೇಲೆ ಬಿದ್ದಿದ್ದ ಚೂರುಗಳ ಒಳಗೆಲ್ಲ ಕೆಂಪು ಕಲ್ಲು.

ಯಾವಾಗ ಬಂದು ಬಾಗಿಲಲ್ಲಿ ನಿಂತಿದ್ದರೋ, ಯಜಮಾನರು ಅದನ್ನು ನೋಡಿದರು. ಒಂದು ಚೂರು ಎತ್ತಿಕೊಂಡು ಬೆರಳಿನಲ್ಲಿ ಒತ್ತಿದರು. ಅಂಚು ಪುಡಿಯಾಗಿ ಉದುರಿತು. ಆ ವರದಿ ಯಾರಿಗಾದರೂ ಕೊಟ್ಟೆಯಾ ಎಂದು ತಮ್ಮನನ್ನು ಕೇಳಿದರು. ಇಲ್ಲ ಎಂದು ಅವನು ಕವರನ್ನು ಚಾಚಿದ, ಹರಿದುಹಾಕಲೇ ಎಂದು ಕೇಳಿದ.

"ಬೇಡ," ಎಂದಳು ಅಕ್ಕ. "ಎರಡೂ ಫೈಲಿನಲ್ಲಿರಲಿ."

ಯಜಮಾನರು ಗೂಟದಿಂದ ಕಪಾಟಿನ ಕೀಲಿ ತೆಗೆದುಕೊಂಡು ಹೋಗಿ ತಮ್ಮ ಕೋಣೆಯ ದೀಪ ಹಾಕಿದರು. ಹೊಸ ನಮೂನೆಯ ಕಾಗದ ತೆಗೆಯುವ ಸದ್ದು ಕೇಳಿಸಿತು. ಅಳತೆಗಳನ್ನು ಓದಮ್ಮ ಎಂದು ಒಳಗಿನಿಂದ ಕರೆದರು.

ತಮ್ಮ ಅಲ್ಲೇ ಸ್ಟೂಲಿನ ಮೇಲೆ ಕೂತು ಸೆಂಟ್ರಿಂಗ್ ಮೇಸ್ತ್ರಿಗೆ ಫೋನ್ ಮಾಡಿದ. ನಾಳೆ ಬಿಚ್ಚಬೇಡಿ, ಒಂದು ಜಾಕಿಯನ್ನೂ ಮುಟ್ಟಬೇಡಿ ಎಂದ. ಮೇಸ್ತ್ರಿಯ ಗಡಸು ದನಿ ಕೋಣೆಗೆಲ್ಲ ಕೇಳುತ್ತಿತ್ತು. ಹನ್ನೆರಡು ಆಳಿಗೆ ಹೇಳಿಯಾಗಿದೆ, ಬೆಳಗ್ಗೆ ಬಂದವರನ್ನು ಕೂರಿಸಿ ಓದಿಸಲೇ, ಹೇಗೂ ಗ್ರಂಥಾಲಯ ತಾನೇ ಎಂದು ಗೊಣಗಿದ. ನಾಳೆ ಸಾಹೇಬರು ಕೇಳಿದರೆ ಯಾರ ಹೆಸರು ಹೇಳಲಿ ಎಂದ.

"ನನ್ನದೇ ಹೇಳಿ," ಎಂದ ತಮ್ಮ. "ಕ್ಯೂಬ್ ಫೇಲಾಗಿದೆ ಅನ್ನಿ. ನಿಮ್ಮವರನ್ನ ಆ ಕೋಣೆಯೊಳಗೇ ಬಿಡಬೇಡಿ."

ನಾಲ್ಕು ನಿಮಿಷ ಕಳೆದಿರಬೇಕು. ಅವನ ಫೋನು ಬಡಿದುಕೊಳ್ಳತೊಡಗಿತು. ಪರದೆಯ ಮೇಲೆ ಗುತ್ತಿಗೆದಾರನ ಹೆಸರು. ತಮ್ಮ ಅದನ್ನೇ ನೋಡುತ್ತಾ ಕೂತ. ಅಕ್ಕ ಅಳತೆಯ ಹಾಳೆ ಹಿಡಿದು ಬಾಗಿಲಲ್ಲೇ ನಿಂತಳು. ಅವನು ಕೆಸರು ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಎದ್ದು ನಿಂತ.

"ಹೌದು ಸರ್, ನಾನೇ ಹೇಳಿದ್ದು," ಎಂದ.