ಮೊದಲ ಹುಲ್ಲಿನ ಕಟ್ಟು

ಅದೇ ವಾಸನೆ, ಎರಡನೇ ಸಲ ಮೂಸುವ ಅಗತ್ಯವೇ ಇಲ್ಲ, ಪಾಯಿಖಾನೆಯ ಬಾಗಿಲು ತೆರೆದ ಕೂಡಲೇ ಮೂಗಿಗೆ ಅಡರಿತು, ಬೆಂದ ಎಲೆಕೋಸಿಗೆ ಬೆಂಕಿಕಡ್ಡಿ ಗೀರಿದ ಹಾಗೆ, ಈ ಮನೆಯಲ್ಲಿ ವರ್ಷಕ್ಕೆ ಎಂಟೇ ವಾರ ಸುಳಿಯುವ ವಾಸನೆ, ಆದರೆ ಆ ಎಂಟು ವಾರ ಶುರುವಾಗುವುದು ಇವತ್ತು, ಸಂತ ಜಾರ್ಜನ ದಿನ, ಇವತ್ತಿನ ಮಧ್ಯಾಹ್ನದ ಊಟದಿಂದ, ಬೆಳಿಗ್ಗೆ ಏಳೂವರೆಗೆ ಇದು ಬರುವಂತಿಲ್ಲ — ಥೆಲ್ಮಾ ಬಾಗಿಲ ಹಿಡಿಯನ್ನು ಹಿಡಿದೇ ನಿಂತಳು, ಹುಲ್ಲು ತಿಂದವರ ಉಚ್ಚೆ, ಅದಕ್ಕೆ ಮರ್ಯಾದೆಯ ಬೇರೆ ಹೆಸರಿಲ್ಲ, ಬೆರಳು ದಪ್ಪದ ಆ ಹಸಿರು ಚಿಗುರಿಗೆ ಪೇಟೆಯವರು ಆಸ್ಪರಾಗಸ್ ಅನ್ನುತ್ತಾರೆ, ಅನ್ನಲಿ, ಈವ್‌ಶಮ್ ಕಣಿವೆಯಲ್ಲಿ ಹುಟ್ಟಿದವರಿಗೆ ಅದು ಬರೀ ಹುಲ್ಲು, ಹುಲ್ಲು ಚಿಗುರಿತಾ, ಹುಲ್ಲು ಕುಯ್ದಾಯ್ತಾ, ಏಪ್ರಿಲ್ ಬಂತೆಂದರೆ ಅಂಗಡಿಯಲ್ಲೂ ಚರ್ಚಿನ ಮೆಟ್ಟಿಲಲ್ಲೂ ಅದೇ ಮಾತು, ಮತ್ತು ಈ ಮನೆಯಲ್ಲಿರುವುದು ಇಬ್ಬರೇ, ನಾನಂತೂ ತಿಂದಿಲ್ಲ. ಅವನಿಗೆ ಈ ವಾಸನೆ ಹತ್ತುವುದೇ ಇಲ್ಲ, ಅದೇ ತಮಾಷೆ, ಅದೆಲ್ಲ ನಿನ್ನ ಮೂಗಿನ ಭ್ರಮೆ ಕಣೇ ಥೆಲ್, ನನಗೇನೂ ನಾರಲ್ಲ, ಮೂವತ್ತನಾಲ್ಕು ವರ್ಷದಿಂದ ಇದನ್ನೇ ಹೇಳಿಕೊಂಡು ಬಂದಿದ್ದಾನೆ ಸಿರಿಲ್, ಡಾಕ್ಟರೂ ಹೇಳಿದ್ದರು, ಕೆಲವರ ಮೂಗಿಗೆ ಅದು ಸಿಕ್ಕುವುದಿಲ್ಲಮ್ಮ ಅಂತ, ನಮ್ಮಪ್ಪನ ಮೂಗಿಗೆ ಸಿಕ್ಕುತ್ತಿತ್ತು, ನನಗೂ, ಮೇವಿಸಳಿಗೂ, ಆ ಹೆಸರು ಈಗ ಯಾಕೆ ಬಂತು ಬಾಯಿಗೆ, ಆರು ವರ್ಷದಿಂದ ತಂಗಿಯ ಹೆಸರೆತ್ತಿದವಳಲ್ಲ ನಾನು — ಕಳ್ಳನಿಗೆ ತನ್ನ ಹೆಜ್ಜೆ ಗುರುತು ಕಾಣುವುದಿಲ್ಲ, ಅಷ್ಟೇ, ಕಿಟಕಿ ತೆರೆದಿಟ್ಟು ಕೆಳಗೆ ಬಂದಳು.

ಕೆಳಗೆ ಅವನು ಟೀ ಲೋಟ ತೊಳೆದು ಬೋರಲು ಹಾಕುತ್ತಿದ್ದ, ಬೆನ್ನು ನೋಡಿದರೆ ಎಂಥ ಸಾಧು, ಸರಿ ಹಾಗಾದರೆ, ನಾನು ಹೋಗಿ ಇವತ್ತಿನ ಹುಲ್ಲು ತಂದುಬಿಡ್ತೀನಿ ಅಂದ, ಚಾಪೆಲ್ ತಿರುವಿನ ಗಾಡಿಯಲ್ಲಿ ಬೇಗ ಖಾಲಿಯಾಗುತ್ತೆ, ಆಲೂಗಡ್ಡೆ ಇದೆಯಲ್ಲ, ಇದೆ ಅಂದಳು, ಬೆಣ್ಣೆ, ಅದೂ ಇದೆ, ನಿನ್ನೆ ಊಟ ಎಲ್ಲಿ ಮಾಡಿದೆ ಸಿರಿಲ್, ಅಯ್ಯೋ ಹೇಳಿದೆನಲ್ಲೇ, ಪರ್ಶೋರ್‌ನಲ್ಲಿ, ಅಂಗಳದ ಲಾನು ಕತ್ತರಿಸೋ ಯಂತ್ರದ ಬ್ಲೇಡು ಸಾಣೆಗೆ ಕೊಟ್ಟು ಅಲ್ಲೇ ಬ್ರೆಡ್ಡು ಚೀಸು ತಿಂದೆ, ಈರುಳ್ಳಿ ಉಪ್ಪಿನಕಾಯಿ ಚೆನ್ನಾಗಿತ್ತು. ಉಪ್ಪಿನಕಾಯಿಯನ್ನೂ ಸೇರಿಸಿದ, ನೋಡಿ, ನಿಜ ಹೇಳುವವನಿಗೆ ಉಪ್ಪಿನಕಾಯಿ ನೆನಪಿರುವುದಿಲ್ಲ. ಬ್ಲೇಡು ಹರಿತವಾಗಿ ಬಂದಿದೆ, ಅದು ಸುಳ್ಳಲ್ಲ, ಸುಳ್ಳು ಹೇಳಬೇಕಾದವರು ಅಷ್ಟರ ಮಟ್ಟಿಗೆ ಕೆಲಸ ಮುಗಿಸಿಕೊಂಡೇ ಬರುತ್ತಾರೆ. ಕಾರು ಹೊರಟಿತು. ಆಲೂಗಡ್ಡೆಯ ಸಿಪ್ಪೆ ಉಜ್ಜುತ್ತ ಕೂತಳು, ಹೊಸ ಆಲೂಗಡ್ಡೆ, ಗೋಲಿಯಷ್ಟು ಗೋಲಿಯಷ್ಟು, ಹೆಬ್ಬೆರಳು ತಾಗಿಸಿದರೆ ಸಿಪ್ಪೆ ಒದ್ದೆ ಕಾಗದದಂತೆ ಜಾರುತ್ತದೆ, ಹಿತ್ತಲಲ್ಲಿ ಬಕೆಟ್ಟು ಮುಚ್ಚಿ ಬೆಳೆಸಿದ ರೂಬಾರ್ಬಿನ ಹುಳಿ ದಂಟು ಕೆಂಪಗೆ ಎದ್ದಿದೆ, ಚರ್ಚಿನ ಹಿಂದಿನಿಂದ ತಂದ ಕಾಡುಬೆಳ್ಳುಳ್ಳಿ ಸೊಪ್ಪು ಸಿಂಕಿನಲ್ಲಿ ನೆನೆಯುತ್ತಿದೆ, ಇಡೀ ಚಳಿಗಾಲ ಟರ್ನಿಪ್ಪು ತಿಂದು ತಿಂದು ಜಡ್ಡುಗಟ್ಟಿದ ನಾಲಿಗೆಗೆ ಇವತ್ತು ಹಬ್ಬ, ಮೂವತ್ತನಾಲ್ಕು ವರ್ಷ ಇದೇ ಹಬ್ಬ, ಮದುವೆಯಾದ ವರ್ಷ ಇವನೇ ಹೇಳಿದ್ದು, ವರ್ಷದ ಮೊದಲ ಹುಲ್ಲನ್ನು ನಾವಿಬ್ಬರೂ ಒಟ್ಟಿಗೇ ತಿನ್ನೋಣ ಥೆಲ್, ಒಬ್ಬರನ್ನು ಬಿಟ್ಟು ಒಬ್ಬರು ಮುಟ್ಟೋದು ಬೇಡ, ನಾನೇನು ಕೇಳಿದೆನೇ, ಇವನಿಗೆ ಅಪೆಂಡಿಕ್ಸ್ ಆಪರೇಷನ್ ಆದ ವರ್ಷ ಹನ್ನೊಂದು ದಿನ ಕಾದೆ, ಪಕ್ಕದ ಮನೆಯ ಹೇನ್ಸ್ ತಂದುಕೊಟ್ಟ ಕಟ್ಟನ್ನು ಹಾಗೇ ಅವನ ಕೈಗೆ ವಾಪಸು ಕೊಟ್ಟೆ, ಹುಚ್ಚಿ ಅಂತ ನಕ್ಕ ಹೇನ್ಸ್, ಹುಚ್ಚಿಯೇ. ಯಾರ ಜೊತೆ ತಿಂದ. ಚರ್ಚಿಗೆ ಹೂ ಜೋಡಿಸುವ ಆ ಡೋರಾ ಸ್ಯಾಡ್ಲರ್, ಗಂಡ ಸತ್ತು ಎರಡು ವರ್ಷ, ಸಿರಿಲ್‌ನ ಬಾತುಕೋಳಿ ಜೋಕಿಗೆ ಪ್ರತಿ ಸಲವೂ ಹೊಸದಾಗಿ ಕೇಳಿದಂತೆ ನಗುವವಳು, ಅವಳೇ ಇರಬೇಕು, ಅವಳ ಟೇಬಲ್ಲು, ಅವಳ ಬೆಣ್ಣೆ, ಹುಲ್ಲನ್ನು ಫೋರ್ಕಿನಿಂದ ತಿನ್ನುವ ಜಾತಿ, ಬೆರಳಲ್ಲಿ ಹಿಡಿದು ತಲೆ ಹಿಂದಕ್ಕೆ ಚೆಲ್ಲಿ ತುದಿಯಿಂದ ಕಚ್ಚಬೇಕು, ಬೆಣ್ಣೆ ಗಲ್ಲದ ಮೇಲೆ ಇಳಿಯಬೇಕು, ಒರೆಸಬಾರದು, ಮೊದಲ ವರ್ಷ ಆ ಬೆಣ್ಣೆಯನ್ನು ಇವನೇ ಒರೆಸಿದ್ದ, ತನ್ನ ಹೆಬ್ಬೆರಳಲ್ಲಿ — ಬೇಲಿಯೇ ಎದ್ದು ಹೊಲ ಮೇಯ್ದರೆ, ಹೊಲ ಯಾರ ಹತ್ತಿರ ಹೋಗಿ ಅಳಬೇಕು.

ಕಾರಿನ ಸದ್ದು. ಗೇಟಿನ ಹತ್ತಿರ ಹೇನ್ಸ್ ಅವನನ್ನು ಹಿಡಿದುಕೊಂಡ, ಬೇಲಿಯ ಗಿಡ ಯಾವಾಗ ಕತ್ತರಿಸ್ತೀಯಪ್ಪ, ನಿನ್ನ ಕಡೆಯಿಂದ ನನ್ನ ಗುಲಾಬಿಗೆ ಬಿಸಿಲೇ ಇಲ್ಲ, ಗುಲಾಬಿಯಲ್ಲ ಅದು ಮುಳ್ಳುಕಂಟಿ ಕಣಯ್ಯ, ಎಂದು ಇವನು, ಹೀಗೆ ಶುರುವಾದರೆ ಅರ್ಧ ಗಂಟೆ, ನೀರು ಕುದಿಯುತ್ತಿದೆ, ಥೆಲ್ಮಾ ಏಪ್ರನ್‌ಗೆ ಕೈ ಒರೆಸಿಕೊಂಡು ಹೊರಗೆ ಬಂದು ಕಾರಿನ ಹಿಂದಿನ ಸೀಟಿಂದ ಬುಟ್ಟಿ ಎತ್ತಿಕೊಂಡಳು, ಬಿಡು ಬಿಡು ಥೆಲ್, ನಾನು ತರ್ತೀನಿ, ಭಾರ, ಅಂದ ಸಿರಿಲ್, ಗೇಟಿನ ಹತ್ತಿರದಿಂದಲೇ ಕೈಯನ್ನೂ ಚಾಚಿದ, ಒಂದು ಕಟ್ಟು ಹುಲ್ಲು ಯಾವ ಭಾರ, ಹೇನ್ಸ್ ನಕ್ಕ, ಏನಯ್ಯ ಸಿರಿಲ್, ಹೆಂಡತಿ ಕೈಲಿ ಮೇವು ಹೊರಿಸ್ತೀಯಾ, ಹೊರಲಿ ಬಿಡಿ ಹೇನ್ಸ್, ಮೇಯೋರಿಗೆ ಹೊರೋರು ಒಬ್ಬರು ಬೇಕಲ್ಲ, ಅಂದಳು, ತನ್ನ ದನಿ ತನಗೇ ಎಲ್ಲೋ ದೂರದಿಂದ ಕೇಳಿಸಿತು, ಅಡುಗೆಮನೆಗೆ ಬಂದು ಒದ್ದೆ ಬಟ್ಟೆ ಸರಿಸಿದಳು. ಕಟ್ಟು. ಕಟ್ಟು ಇದೆ. ಆರು ವರ್ಷದಿಂದ ಬಿಡಿಬಿಡಿಯಾಗಿ ತರುತ್ತಾನೆ, ಬಿಚ್ಚಿ ತೊಳೆದೇ ತಂದಿದ್ದೀನಿ, ನಿನಗೆ ಕೆಲಸ ಉಳೀತು ನೋಡು, ಎಷ್ಟು ಒಳ್ಳೆಯವನು ಅಂದುಕೊಳ್ಳುತ್ತಿದ್ದೆ, ನಾನೇ ಮತ್ತೆ ಅಡುಗೆ ದಾರದಿಂದ ಸುತ್ತಿ ಪಾತ್ರೆಯಲ್ಲಿ ನಿಲ್ಲಿಸುತ್ತಿದ್ದೆ, ಇವತ್ತು ಬಿಚ್ಚುವಷ್ಟು ಹೊತ್ತು ಹೇನ್ಸ್ ಕೊಡಲಿಲ್ಲ — ವಿಲ್ಲೋ ಗಿಡದ ಹಸಿ ಬರಲು-ಕಡ್ಡಿ, ಎರಡು ಸುತ್ತು, ಬಾಲ ಎರಡನೇ ಸುತ್ತಿನ ಅಡಿಗೆ ನುಗ್ಗಿ ಎಡಕ್ಕೆ ಹೊರಳಿ ಮಾಯ. ಅಪ್ಪನ ಗಂಟು.

ಅಪ್ಪನ ಗಂಟು. ಸಂಜೆ ಶೆಡ್ಡಿನಲ್ಲಿ ಬೆಂಚಿನ ಮೇಲೆ ಮೂವರೂ ಕೂತು, ಅಪ್ಪ ಹಲ್ಲಲ್ಲಿ ಬರಲು ಕಚ್ಚಿಕೊಂಡು, ನೋಡ್ರೇ ಹುಡುಗೀರಾ, ಇದು ಎಳೆದರೆ ಬಿಗಿಯುತ್ತೆ, ದೂಡಿದರೆ ಬಿಚ್ಚುತ್ತೆ, ಬಿಚ್ಚಬೇಕಾದರೆ ಬಾಲವನ್ನು ಮೊದಲು ಎಡಕ್ಕೆ, ಆಮೇಲೆ ಮೇಲಕ್ಕೆ, ಮಾರ್ಕೆಟ್ಟಿನವರು ಬಿಚ್ಚೋಕಾಗದೆ ಚಾಕು ಹಾಕಿ ಬೈಯುತ್ತಿದ್ದರು, ಅಪ್ಪನಿಗೆ ಅದೇ ಹೆಮ್ಮೆ, ನಾನು ಸತ್ತರೂ ಯಾರಿಗೂ ಹೇಳ್ಕೊಡಬೇಡಿ, ಗೊತ್ತಾಯ್ತಾ, ಜಗತ್ತಿನಲ್ಲಿ ಈ ಗಂಟು ಹಾಕುವ ಕೈ ಈಗ ಎರಡೇ ಜೊತೆ, ಒಂದು ಜೊತೆ ಇಲ್ಲಿ ಏಪ್ರನ್ನಿನ ಮೇಲಿದೆ. ಹಾಗಾದರೆ ಡೋರಾ ಅಲ್ಲ. ಡೋರಾ ಆಗಿದ್ದರೆ ಎಷ್ಟು ಸಸಾರವಿತ್ತು, ಎರಡು ತಟ್ಟೆ ಒಡೆದು, ಒಂದು ವಾರ ಮಾತು ಬಿಟ್ಟು, ಮುಗಿಯುತ್ತಿತ್ತು. ಮೇವಿಸ್. ಅಪ್ಪನ ಕೊನೆಯ ಜುಲೈ, ಹಾಸಿಗೆಯಲ್ಲಿ ಒಣಗಿದ ಅಪ್ಪ, ಒಂದೆರಡು ಎಳೆ ಹುಲ್ಲು ತಿನ್ನಬೇಕು ಥೆಲ್ಮಾ, ಅಪ್ಪಾ, ವರ್ಷದ ದೊಡ್ಡ ಹಗಲು ಕಳೆದು ಮೂರು ವಾರವಾಯಿತು, ದೊಡ್ಡ ಹಗಲಾದ ಮೇಲೆ ಚಾಕು ಮುಟ್ಟಬಾರದು, ಬೇರು ಸಾಯುತ್ತೆ, ನೀನೇ ಹೇಳಿಕೊಟ್ಟದ್ದು, ನಾನು ಅಂದದ್ದು ಅಷ್ಟೇ, ಅಷ್ಟರಲ್ಲಿ ತಪ್ಪೇನಿತ್ತು, ಮರುದಿನ ಹೋದರೆ ಮೇವಿಸ್ ತಟ್ಟೆ ಹಿಡಿದು ಉಣಿಸುತ್ತಿದ್ದಳು, ಅಪ್ಪನ ಗಲ್ಲದ ಮೇಲೆ ಬೆಣ್ಣೆ, ಆ ಪಾತಿಗೆ ಇಪ್ಪತ್ತು ವರ್ಷ ಕಣೇ ಮೇವಿಸ್, ಕೊಂದೆಯಲ್ಲೇ, ಅಂದೆ, ನಿನಗೆ ಅಪ್ಪನಿಗಿಂತ ಪಾತಿ ದೊಡ್ಡದು ಕಣಕ್ಕ, ಅಂದಳು, ಅಪ್ಪ ಕೇಳಿಸಿಕೊಂಡರು, ಮುಖ ಗೋಡೆಗೆ ತಿರುಗಿಸಿದರು. ಮಣ್ಣು ಮಾಡಿ ಬಂದ ಸಂಜೆ, ಅಪ್ಪನ ಮನೆಯಲ್ಲೇ ಉಳಿದ ಅವಳು ಬಾಗಿಲಲ್ಲಿ ನಿಂತು, ಆ ಪಾತಿ ಅಗೆಸಿ ಹಾಕ್ತೀನಿ, ಬಟಾಣಿ ಬಿತ್ತೀನಿ, ಸಮಾಧಾನವಾಯ್ತಾ, ಸಮಾಧಾನವಾಯಿತು ಅಂದೆ, ನಿನ್ನ ಕೈಯಿಂದ ಒಂದು ತುತ್ತೂ ನನ್ನ ಗಂಟಲಲ್ಲಿ ಇಳಿಯದಿರಲಿ ಅಂತಲೂ ಅಂದೆ, ಕಾರಿನಲ್ಲಿ ಸಿರಿಲ್ ನನ್ನ ಮಂಡಿಯ ಮೇಲೆ ಕೈಯಿಟ್ಟು, ನೀನು ಹೇಳಿದ್ದೇ ಸರಿ ಥೆಲ್, ನಾನು ನಿನ್ನ ಕಡೆ. ನನ್ನ ಕಡೆ.

ಪಾತಿ ಸತ್ತಿಲ್ಲ. ಅಗೆಸಿಯೂ ಇಲ್ಲ. ಆರು ವಸಂತ ಆ ಪಾತಿಯ ಹುಲ್ಲನ್ನೇ ತಿಂದಿದ್ದೀನಿ, ಚಾಪೆಲ್ ತಿರುವಿನ ಗಾಡಿಯದು ಅಂದುಕೊಂಡು, ಆರು ಸಲವೂ ಬೆಣ್ಣೆ ನೆಕ್ಕುತ್ತ ಒಂದೇ ಮಾತು ಹೇಳಿದ್ದೀನಿ, ಚೆನ್ನಾಗಿದೆ ಸಿರಿಲ್, ಆದರೆ ನಮ್ಮಪ್ಪನ ಹುಲ್ಲಿನ ಮುಂದೆ ನಿಲ್ಲಲ್ಲ, ಅವನು ತಲೆಯಾಡಿಸುತ್ತಿದ್ದ, ಎಲ್ಲಿ ನಿಲ್ಲುತ್ತೆ ಥೆಲ್, ಎಲ್ಲಿ ನಿಲ್ಲುತ್ತೆ, ಆಮೇಲೆ ಹೋಗಿ ಅವಳಿಗೆ ಹೇಳಿರುತ್ತಾನೆ, ಗೊತ್ತಾ ಮೇವಿಸ್, ಈ ವರ್ಷವೂ ಅದೇ ಅಂದಳು, ಇಬ್ಬರೂ ನಕ್ಕಿರುತ್ತಾರೆ, ಅಥವಾ ನಕ್ಕಿಲ್ಲ, ಮೇವಿಸ್ ನಗದೆ ಇನ್ನೊಂದು ಕಟ್ಟು ಕಟ್ಟಿರುತ್ತಾಳೆ, ಅದು ಇನ್ನೂ ಕೆಟ್ಟದ್ದು, ಕನಿಕರಕ್ಕೆ ಕೈಯೊಡ್ಡಿದ ಬಡಪಾಯಿಯ ಹಾಗೆ ನಾನು ಬಾಯಿ ತೆರೆದು ನುಂಗಿದ್ದೀನಿ. ಗಂಡ ಹೋಗಲಿ, ತಂಗಿ ಹೋಗಲಿ, ಈ ನಾಲಿಗೆ, ಹುಟ್ಟಿದಾಗಿನಿಂದ ಆ ಮಣ್ಣಿನ ರುಚಿ ಉಂಡ ನಾಲಿಗೆ, ಇದಾದರೂ ಒಂದು ಮಾತು ಹೇಳಬಾರದಿತ್ತೇ, ಇದೂ ಅವರ ಕಡೆಯೇ ಸೇರಿತಲ್ಲ, ಕೊನೆಗೆ ನಿಜ ಹೇಳಿದ್ದು ಮೂಗೊಂದೇ. ಆದರೆ ತಾಳು. ಮೂಗು. ಆರು ವರ್ಷ ಕಟ್ಟು ಕೊಟ್ಟು ಕಳಿಸಿದವಳು ಒಂದು ಎಳೆಯನ್ನೂ ಅವನಿಗೆ ಉಣಿಸಿರಲಿಲ್ಲ, ಉಣಿಸಿದ್ದರೆ ನನಗೆ ತಿಳಿಯುತ್ತಿತ್ತು, ಮೇವಿಸಳದೂ ಇದೇ ಮೂಗಲ್ಲವೇ, ಅವಳಿಗೆ ಗೊತ್ತು, ಉಂಡವನು ಮನೆಗೆ ಹೋಗುತ್ತಾನೆ, ಬೆಳಗಾಗುತ್ತದೆ, ಅಕ್ಕ ಪಾಯಿಖಾನೆಯ ಬಾಗಿಲು ತೆರೆಯುತ್ತಾಳೆ, ಎಲ್ಲ ಗೊತ್ತಿದ್ದೂ ನಿನ್ನೆ ಎದುರಿಗೆ ಕೂರಿಸಿ ಬಡಿಸಿದ್ದಾಳೆ, ತಿನ್ನಪ್ಪ ಭಾವ ಇನ್ನೊಂದೆರಡು, ಇದು ಕರೆಯೋ, ಕೆಣಕೋ, ಇಷ್ಟು ವರ್ಷ ಬಚ್ಚಿಟ್ಟವಳಿಗೆ ಈ ವರ್ಷ ಏನಾಯಿತು, ಮೈಗೆ ಹುಷಾರಿಲ್ಲವೋ — ಇಲ್ಲ, ಅವಳ ಪರವಾಗಿ ನಾನು ಯೋಚಿಸುವುದಿಲ್ಲ, ಇವತ್ತು ಬೇಡ, ಹುಲ್ಲನ್ನು ಮಣ್ಣಿಗೆ ಎಸೆದುಬಿಡಲೇ, ಹೇನ್ಸ್‌ನ ಮೊಲಕ್ಕೆ ಹಾಕಿಬಿಡಲೇ, ಕೈ ಮಾತ್ರ ತನ್ನಷ್ಟಕ್ಕೆ ಕಟ್ಟಿನ ಬುಡ ಸಮ ಮಾಡಿ, ಕಟ್ಟನ್ನು ಹಾಗೇ, ಗಂಟಿನ ಸಮೇತ, ಕುದಿಯುವ ನೀರಲ್ಲಿ ನಿಲ್ಲಿಸಿತು.

ಹೇನ್ಸ್ ಒಬ್ಬ ತಲೆಹರಟೆ ಕಣೇ, ಎನ್ನುತ್ತ ಸಿರಿಲ್ ಒಳಗೆ ಬಂದ, ಬರುತ್ತಲೇ ಬುಟ್ಟಿಯ ಕಡೆ ನೋಡಿದ, ಬುಟ್ಟಿ ಖಾಲಿ, ಒಲೆಯ ಕಡೆ ನೋಡಿದ, ಪಾತ್ರೆಯ ಮುಚ್ಚಳ ಹಾಕಿತ್ತು, ಇವಳ ಮುಖ ನೋಡಿದ, ಮುಖದ ಮುಚ್ಚಳವೂ ಹಾಕಿತ್ತು, ಕೈ ತೊಳಕೋ ಅಂದಳು ಥೆಲ್ಮಾ, ತೊಳೆದುಕೊಂಡ, ಕೂತ, ಕತ್ತಿನ ಸುತ್ತ ಕರವಸ್ತ್ರ ಸಿಕ್ಕಿಸಿಕೊಂಡ, ಮೂವತ್ತನಾಲ್ಕನೇ ಸಲ, ಮೈತುಂಬ ಬೆಣ್ಣೆ ಅಂಟಿದ ಆಲೂಗಡ್ಡೆ, ಪುದೀನ, ಕಿಟಕಿಯಿಂದ ಬಿಸಿಲು ನೇರ ಉಪ್ಪಿನ ಬಟ್ಟಲಿಗೆ, ಎಲ್ಲವೂ ಎಷ್ಟು ಚೆಂದ ಇದೆ, ನೆನಪಿದೆಯಾ ಥೆಲ್, ಮೊದಲ ವರ್ಷ ನಿನ್ನ ಗಲ್ಲ, ನೆನಪಿದೆ, ಅವಳು ಇಕ್ಕಳದಲ್ಲಿ ಕಟ್ಟನ್ನೆತ್ತಿ, ನೀರು ಬಸಿದು, ತನ್ನ ತಟ್ಟೆಗಲ್ಲ, ಅವನ ತಟ್ಟೆಯಲ್ಲಿ ಇಟ್ಟಳು, ಗಂಟು ಮೇಲೆ, ಇವತ್ತು ನೀನು ಬಿಚ್ಚು, ಅಂದಳು. ಅವನು ಇನ್ನೂ ಗುಲಾಬಿಯ ಮಾತಾಡುತ್ತಿದ್ದ, ಮುಳ್ಳುಕಂಟಿಗೆ ಬಿಸಿಲು ಬೇಕಂತೆ ಕೇಳು, ಮಾತಾಡುತ್ತಲೇ ಕೈ ಹೋಯಿತು, ಚಾಕುವಿನ ಕಡೆ ಹೋಗಲಿಲ್ಲ, ಎಳೆದು ನೋಡಲಿಲ್ಲ, ತಡಕಾಡಲಿಲ್ಲ, ನಾನು ಇವನಿಗೆ ಎಂದೂ ಹೇಳಿಕೊಟ್ಟಿಲ್ಲ, ಅಪ್ಪ ಯಾರಿಗೂ ಹೇಳಿಕೊಡಬೇಡಿ ಅಂದಿದ್ದರು, ಅವನ ಹೆಬ್ಬೆರಳು ಬಾಲದ ಮೇಲೆ ಕೂತಿತು, ಬೆಣ್ಣೆ ಒರೆಸಿದ ಹೆಬ್ಬೆರಳು, ಎಡಕ್ಕೆ, ಆಮೇಲೆ ಮೇಲಕ್ಕೆ, ಬರಲು ಸಡಿಲವಾಗಿ ತಟ್ಟೆಯ ಅಂಚಿಗೆ ಜಾರಿತು, ಗುಲಾಬಿಯ ಮಾತು ಅರ್ಧಕ್ಕೇ ನಿಂತಿತು, ಈಗ ಅವನು ತನ್ನ ಕೈಯನ್ನೇ ನೋಡುತ್ತಿದ್ದಾನೆ, ಅವಳೂ ನೋಡುತ್ತಿದ್ದಾಳೆ, ಹೆಬ್ಬೆರಳು, ಎಡಕ್ಕೆ, ಮೇಲಕ್ಕೆ — ಎಡಕ್ಕೆ, ಮೇಲಕ್ಕೆ.