ಹದಿನೇಳು ಮನೆಗೆ ಬೀಗ

"ಎಡಕ್ಕೆ ತಿರುಗಿಸ್ರೋ! ನಿಮ್ಮ ಎಡ ಅಲ್ಲ, ನನ್ನ ಎಡ!"

ಸೋದರಮಾವ ಕೆಳಗಿನ ಮೆಟ್ಟಿಲ ಮೇಲೆ ನಿಂತು ಕೂಗುತ್ತಿದ್ದ. ಶವದ ಪೆಟ್ಟಿಗೆ ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಕೊಂಡಿತ್ತು. ಮೇಲಿನ ಇಬ್ಬರು ತಳ್ಳುತ್ತಿದ್ದರು, ಕೆಳಗಿನ ಇಬ್ಬರು ತಡೆಯುತ್ತಿದ್ದರು. ಗೋಡೆಯ ಸುಣ್ಣ ಉದುರಿ ಅವರ ಭುಜದ ಮೇಲೆ ಬೀಳುತ್ತಿತ್ತು.

"ಬದುಕಿದ್ದಾಗಲೂ ಹೀಗೇ ನಮ್ಮಕ್ಕ," ಎಂದಳು ಚಿಕ್ಕಮ್ಮ, ಮೂಗು ಒರೆಸಿಕೊಳ್ಳುತ್ತ. "ಅಡ್ಡ ನಿಂತಳು ಅಂದ್ರೆ ಯಾರಪ್ಪ ಬಂದ್ರೂ ಸರೀತಿರಲಿಲ್ಲ."

ಯಾರೋ ನಕ್ಕು, ತಕ್ಷಣ ಕೆಮ್ಮಿದರು. ಸತ್ತವಳ ಮಗಳು ನಗಲಿಲ್ಲ. ಇಬ್ಬರ ನಡುವೆ ನುಗ್ಗಿ ಪೆಟ್ಟಿಗೆಯ ಮೂಲೆಗೆ ಹೆಗಲು ಕೊಟ್ಟು ಮೇಲೆತ್ತಿದಳು. ಪೆಟ್ಟಿಗೆ ಕಿರುಗುಟ್ಟಿ ಬಿಡಿಸಿಕೊಂಡಿತು.

ಕೆಳಗೆ ಅಂಗಳದಲ್ಲಿ ಬಾಡಿಗೆ ಕುರ್ಚಿಗಳ ಮೇಲೆ ನೆರೆಹೊರೆಯವರು ಕೂತಿದ್ದರು.

"ಜೀವ ಹೋದದ್ದು ಎಲ್ಲಿ?" ಎಂದು ಪಕ್ಕದ ಬೀದಿಯ ಮುದುಕಿ ಕೇಳಿದಳು.

"ಮಕ್ಕಳ ಯೋಜನೆ ಆಫೀಸಿನ ವರಾಂಡದಲ್ಲಂತೆ," ಕೆಳಮನೆಯ ದರ್ಜಿ ತಗ್ಗಿದ ದನಿಯಲ್ಲಿ ಹೇಳಿದ. "ಸಾಹೇಬರನ್ನ ನೋಡಬೇಕು ಅಂತ ಬೆಳಿಗ್ಗೆ ಬೆಂಚಿನ ಮೇಲೆ ಕೂತರಂತೆ. ಮಧ್ಯಾಹ್ನದವರೆಗೂ ನಿದ್ದೆ ಮಾಡ್ತಿದ್ದಾರೆ ಅಂದ್ಕೊಂಡಿದ್ದನಂತೆ ಜವಾನ."

"ಅಯ್ಯೋ! ಕೆಲಸ ಮುಗಿದು ಎಷ್ಟೋ ತಿಂಗಳಾಯ್ತಲ್ಲ, ಇನ್ನೂ ಯಾಕೆ ಹೋಗ್ತಿದ್ದಳು?"

"ಅದನ್ನ ಮಗಳನ್ನೇ ಕೇಳಬೇಕು."

ಮಗಳಿಗೆ ಕೇಳಿಸಿತು. ಕೇಳಿಸದವಳಂತೆ ಮುಂದೆ ನಡೆದಳು.

*

ತಾಯಿ ಇಪ್ಪತ್ತೆರಡು ವರ್ಷ ಮನೆಮನೆ ತಿರುಗಿ ಫಾರಂ ತುಂಬಿದವಳು. ಯಾರಿಗೆ ಯಾವ ಸಮೀಕ್ಷೆ ಬೇಕಾದರೂ ಅವಳಿಗೇ ಹೇಳಿ ಕಳಿಸುತ್ತಿದ್ದರು: ನಲ್ಲಿ ಎಷ್ಟು, ಶೌಚಾಲಯ ಎಷ್ಟು, ಶಾಲೆ ಬಿಟ್ಟವರೆಷ್ಟು. ಬೀದಿಗಳಲ್ಲಿ ಅವಳ ಹೆಸರು 'ಫಾರಂ ಅಕ್ಕ'. ಹೊಸ ಹುಡುಗಿಯರಿಗೆ ಅವಳು ಕಲಿಸುತ್ತಿದ್ದ ಪಾಠ ಒಂದೇ: "ಪ್ರಶ್ನೆ ಕೇಳೋದು ಯಾರಿಗೂ ಬರುತ್ತೆ ಕಣ್ರೇ. ಕೇಳಿದ ಮೇಲೆ ಬಾಯಿ ಮುಚ್ಕೊಂಡು ಕೂರೋದೇ ಕೆಲಸ."

ಐದು ವರ್ಷದೊಳಗಿನ ಮಕ್ಕಳಿಗೆ ಹಾಲುಪುಡಿ ಕೊಟ್ಟು, ತಿಂಗಳಿಗೊಮ್ಮೆ ತೂಕ ನೋಡುವ ಯೋಜನೆ ಮೂರು ವರ್ಷದಿಂದ ನಡೆದಿತ್ತು. ಮಕ್ಕಳಿಗೆ ನಿಜಕ್ಕೂ ಉಪಯೋಗವಾಗಿದೆಯೇ ಎಂದು ತಿಳಿಯಲು ಯೋಜನೆಯವರು ಒಬ್ಬ ಕನ್ಸಲ್ಟೆಂಟನ್ನು ನೇಮಿಸಿಕೊಂಡರು. ನಾನೂರು ಮನೆಗಳ ಸಮೀಕ್ಷೆ. ಅವನು ಎಂಟು ಹೆಂಗಸರನ್ನು ಹುಡುಕಿಕೊಂಡ. ಅವರಿಗೆಲ್ಲ ಹಿರಿಯಳು ಫಾರಂ ಅಕ್ಕ. ಫಾರಂಗಳನ್ನು ಕಂಪ್ಯೂಟರಿಗೆ ಹಾಕಲು ಒಬ್ಬರು ಬೇಕು ಎಂದಾಗ ಅವಳೇ ಹೇಳಿದ್ದಳು: "ನನ್ನ ಮಗಳಿದ್ದಾಳೆ ಸಾರ್. ಅವಳ ಕೈ ತಪ್ಪಲ್ಲ."

ಕಲ್ಲುಗಣಿಯ ಮೇಲಿನ ಮನೆಸಾಲಿಗೆ ಸಮೀಕ್ಷೆಗೆ ಹೋಗಿಬಂದ ಸಂಜೆ ತಾಯಿ ಬಕೆಟ್ಟಿನ ಬಿಸಿನೀರಲ್ಲಿ ಕಾಲಿಟ್ಟುಕೊಂಡು ಕೂತಿದ್ದಳು.

"ಆ ಸಾಲಿನ ಹದಿನೇಳು ಮನೆಗೆ ಒಂದು ಡಬ್ಬಿ ಹಾಲುಪುಡಿಯೂ ಹೋಗಿಲ್ಲ ಕಣೇ. ಮೂರು ವರ್ಷದಲ್ಲಿ ಒಂದೂ ಇಲ್ಲ! ತೂಕದ ಕೇಂದ್ರ ಅಂತ ದೊಡ್ಡ ಬೋರ್ಡಿದೆ, ಒಳಗೆ ನೋಡಿದ್ರೆ ಸಿಮೆಂಟ್ ಚೀಲ ಪೇರಿಸಿಟ್ಟಿದ್ದಾರೆ. ಹೋದ ವರ್ಷ ಎರಡು ಮಕ್ಕಳು ಹೋದವಂತೆ. ಬರ್ಕೊಂಡು ಬಂದಿದ್ದೀನಿ, ಒಂದೂ ಬಿಡದೆ."

"ಊಟ ಮಾಡು ಬಾ, ಆರಿಹೋಗುತ್ತೆ," ಎಂದಿದ್ದಳು ಮಗಳು.

*

ಹೆಣ ಬೀದಿಯ ತುದಿ ತಲುಪುವಾಗ ಬಿಳಿ ಕಾರೊಂದು ಬಂದು ನಿಂತಿತು. ಯೋಜನೆಯ ಅಧಿಕಾರಿ ಇಳಿದಳು, ಹಿಂದಿನಿಂದ ಕನ್ಸಲ್ಟೆಂಟ್. ಡ್ರೈವರ್ ದೊಡ್ಡದೊಂದು ಹೂವಿನ ಚಕ್ರ ಇಳಿಸಿದ. ಅದರ ಪಟ್ಟಿಯ ಮೇಲೆ ಯೋಜನೆಯ ಹೆಸರಿತ್ತು, ಸತ್ತವಳ ಹೆಸರಿರಲಿಲ್ಲ.

"ಇವರನ್ನ ಯಾರು ಕರೆದ್ರು?" ಮಗಳು ಹಲ್ಲು ಕಚ್ಚಿ ಕೇಳಿದಳು.

"ಸಾವಿಗೆ ಯಾರನ್ನ ಕರೀತಾರೆ?" ಎಂದ ಸೋದರಮಾವ. "ದೊಡ್ಡವರು ಬಂದಿದ್ದಾರೆ. ಸ್ವಲ್ಪ ಬಾಯಿ ಬಿಗಿಹಿಡಿ. ನಾಳೆ ನಿನಗೂ ಕೆಲಸ ಬೇಕಲ್ಲ?"

ಕನ್ಸಲ್ಟೆಂಟ್ ಅವಳ ಹತ್ತಿರ ಬಂದು ತಲೆ ಬಾಗಿಸಿದ. "ಅಮ್ಮ ನಮ್ಮ ಮನೆಯವರ ಥರ ಇದ್ರು," ಎಂದ.

"ನಿಮ್ಮ ಮನೆಯವರನ್ನೂ ಹೊರಗೆ ಬೆಂಚಿನ ಮೇಲೇ ಕೂರಿಸ್ತೀರಾ?"

ಅವನು ಹಿಂದೆ ಸರಿದ. ಸೋದರಮಾವ ಅವಳ ಮೊಣಕೈ ಹಿಡಿದು ಮುಂದಕ್ಕೆ ನಡೆಸಿದ.

*

ಕೆಟ್ಟವನಂತೆ ಕನ್ಸಲ್ಟೆಂಟ್ ಎಂದೂ ಮಾತಾಡಿದವನಲ್ಲ. ಗಣಿ ಸಾಲಿನ ಫಾರಂ ಕಂಪ್ಯೂಟರಿಗೆ ಹಾಕುವ ದಿನವೂ ತಾನೇ ಚಹಾ ತಂದು ಮಗಳ ಮೇಜಿನ ಮೇಲಿಟ್ಟಿದ್ದ.

"ಈ ಹದಿನೇಳು ಮನೆಗೆ 'ಬಾಗಿಲಿಗೆ ಬೀಗ' ಅಂತ ಹಾಕಿಬಿಡಮ್ಮ. ಬದಲಿಗೆ ಈ ಪಟ್ಟೀಲಿರೋ ಮನೆ ಸೇರಿಸು."

"ಇದು ನಮ್ಮಮ್ಮನ ಅಕ್ಷರ ಸಾರ್. ಅಮ್ಮ ಹೋಗಿ ಮಾತಾಡಿಸಿದ್ದಾರೆ."

"ಗೊತ್ತು. ಆದರೆ ಆ ಒಂದು ಸಾಲಿಂದ ಇಡೀ ಚಿತ್ರ ಕೆಡುತ್ತೆ. ಬೀಗ ಹಾಕಿದ ಮನೆಗೆ ಬದಲಿ ಮನೆ ತಗೊಳ್ಳಬಹುದು ಅಂತ ನಿಯಮದಲ್ಲೇ ಇದೆ, ನೋಡು."

ಅವಳು ನೋಡಲಿಲ್ಲ. ಟೈಪ್ ಮಾಡಿದಳು. ಕಾಲು ಗಂಟೆಯ ಕೆಲಸ. ಚಹಾ ಆರುವುದರೊಳಗೆ ಹದಿನೇಳು ಮನೆಗೂ ಬೀಗ ಬಿದ್ದಿತ್ತು.

ವರದಿ ಅಚ್ಚಾಗಿ ಬಂತು. ನೂರಕ್ಕೆ ತೊಂಬತ್ತೊಂದು ಮಕ್ಕಳು ಚೇತರಿಸಿಕೊಂಡಿದ್ದಾರೆ, ಯೋಜನೆ ಈಗಿರುವಂತೆಯೇ ಮುಂದುವರಿಯಲಿ ಎಂದಿತ್ತು. ತಾಯಿ ಅದನ್ನು ಬೆರಳಿಟ್ಟು ಓದುತ್ತ ಓದುತ್ತ ಕೊನೆಗೆ ಬೀಗ ಹಾಕಿದ ಮನೆಗಳ ಪಟ್ಟಿಗೆ ಬಂದಳು. ಬೆರಳು ನಿಂತಿತು.

"ನೀನೇನಾ?"

"ಹೇಳಿದ್ದನ್ನ ಮಾಡಿದೆ ಅಮ್ಮ. ಊರ ಉಸಾಬರಿ ಎಲ್ಲ ನಾವೇ ಹೊರಬೇಕಾ?"

ತಾಯಿ ಬೈಯಲಿಲ್ಲ. ಬೈದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತೇನೋ. "ನೀವು ಹೇಳಿದ್ದು ಮೇಲಕ್ಕೆ ಹೋಗುತ್ತೆ ಅಂತ ಮಾತು ಕೊಟ್ಟು ಬಂದಿದ್ದೆ ಕಣೇ," ಎಂದಷ್ಟೇ ಹೇಳಿದಳು.

ಆಮೇಲೆ ಪ್ರತಿ ಮಂಗಳವಾರ ಆಫೀಸಿಗೆ. ವರದಿ ತಿದ್ದಿ, ಇಲ್ಲಾಂದ್ರೆ ನನ್ನ ಹೆಸರು ತೆಗೀರಿ ಅಂತ. ಕನ್ಸಲ್ಟೆಂಟ್ ಸಾಹೇಬರು ಮೀಟಿಂಗಿನಲ್ಲಿದ್ದಾರೆ. ಸಾಹೇಬರು ಪ್ರವಾಸದಲ್ಲಿದ್ದಾರೆ. ನಾಲ್ಕು ತಿಂಗಳು. ಮಗಳ ಒಪ್ಪಂದದ ಕೆಲಸ ಇನ್ನೂ ಅದೇ ಕಚೇರಿಯಲ್ಲಿ. ವರಾಂಡ ದಾಟುವಾಗೆಲ್ಲ ತಾಯಿಯ ಮುಖ ತಪ್ಪಿಸಿ ಒಳಗೆ ಹೋಗಬೇಕಿತ್ತು. ಕೊನೆಯ ಮಂಗಳವಾರ ಮನೆಯ ಬಾಗಿಲಲ್ಲೇ ಮಗಳ ತಾಳ್ಮೆ ತಪ್ಪಿತು.

"ಮಾನ ಮರ್ಯಾದೆ ಇಲ್ವಾ ನಿನಗೆ? ಹೋಗು, ಅಲ್ಲೇ ಬಿದ್ದಿರು!"

ತಾಯಿ ಚಪ್ಪಲಿ ಮೆಟ್ಟಿಕೊಂಡು ಹೋಗಿದ್ದಳು.

*

ಮಣ್ಣಿನ ಗುಂಡಿಯ ಸುತ್ತ ಜನ ನಿಂತಾಗ ಅಧಿಕಾರಿ ಕನ್ಸಲ್ಟೆಂಟಿನ ಕಡೆ ಕಣ್ಣು ಮಾಡಿದಳು. ಅವನು ಗಂಟಲು ಸರಿಪಡಿಸಿಕೊಂಡ.

"ಇಂಥವರ ಶ್ರಮದಿಂದಲೇ ಸಾವಿರಾರು ಮಕ್ಕಳ ಮುಖದಲ್ಲಿ ನಗು ಬಂದಿದೆ. ಇವರು ತಟ್ಟದ ಬಾಗಿಲಿಲ್ಲ..."

ಅಷ್ಟರಲ್ಲಿ ಹಿಂದೆ ಗದ್ದಲವಾಯಿತು. ಹತ್ತು ಹನ್ನೆರಡು ಹೆಂಗಸರು ಏದುಸಿರು ಬಿಡುತ್ತ ಗೇಟು ದಾಟಿ ಬಂದರು. ಕಲ್ಲಿನ ಪುಡಿ ಅವರ ಕೂದಲಲ್ಲೂ ರೆಪ್ಪೆಯಲ್ಲೂ ಕೂತಿತ್ತು. ಕೆಲಸ ಬಿಟ್ಟು ನೇರ ಬಂದಿದ್ದರು. ಕೆಲವರ ಕಂಕುಳಲ್ಲಿ ಮಕ್ಕಳು.

"ಮುಚ್ಚಬೇಡಿ, ಸ್ವಲ್ಪ ತಡೀರಿ!" ಎಂದಳು ಮುಂದಿದ್ದವಳು. "ನಾವು ಗಣಿ ಮೇಲಿನ ಸಾಲಿನೋರು. ಒಂದ್ಸಲ ಅಕ್ಕನ ಮುಖ ನೋಡ್ತೀವಿ."

ಕನ್ಸಲ್ಟೆಂಟ್ ಅಧಿಕಾರಿಯ ಮುಖ ನೋಡಿದ. ಅಧಿಕಾರಿ ಹುಬ್ಬು ಗಂಟಿಕ್ಕಿ, "ಗಣಿ ಸಾಲು ಅಂದ್ರೆ... ಅಲ್ಲಿ ಯಾರೂ ಸಿಗಲಿಲ್ಲ ಅಂತ ಅಲ್ವಾ ವರದೀಲಿ? ಮನೆಗಳಿಗೆಲ್ಲ ಬೀಗ ಇತ್ತು ಅಂತ?" ಎಂದಳು.

"ಬೀಗವಾ?" ಹೆಂಗಸು ತಿರುಗಿದಳು. ಮೊದಲು ಅವಳಿಗೆ ಅರ್ಥವಾಗಲಿಲ್ಲ. ಆಮೇಲೆ ಅವಳ ಕತ್ತಿನ ನರ ಉಬ್ಬಿತು. "ನಮ್ಮನೆಗೆ ಬಾಗಿಲೇ ಇಲ್ಲ ತಾಯಿ! ಗೋಣಿಚೀಲ ಇಳಿಬಿಟ್ಟಿದ್ದೀವಿ. ಗೋಣಿಚೀಲಕ್ಕೆ ಬೀಗ ಎಲ್ಲಿ ಹಾಕೋದು, ಹೇಳಿಕೊಡಿ! ಅಕ್ಕ ನಮ್ಮನೇಲಿ ಎರಡು ಗಂಟೆ ಕೂತಿದ್ಳು. ನನ್ನ ಸತ್ತ ಮಗುವಿನ ಹೆಸರೂ ಬರ್ಕೊಂಡ್ಳು. ಎಲ್ಲಿ ಹೋಯ್ತು ಅದು?"

"ನೋಡಮ್ಮ, ಇದು ಆ ಮಾತಿಗೆ ಜಾಗ ಅಲ್ಲ," ಎಂದ ಕನ್ಸಲ್ಟೆಂಟ್. "ಫೀಲ್ಡಿನಲ್ಲಿ ಏನೋ ತಪ್ಪಾಗಿರಬಹುದು. ಫಾರಂ ತುಂಬಿದವರು—"

ಅವನ ಮಾತು ಮುಗಿಯಲಿಲ್ಲ.

"ಸತ್ತವರ ಮೇಲೆ ಹಾಕಬೇಡಿ!" ಮಗಳ ದನಿ ಒಡೆದು ಬಂತು. ಸೋದರಮಾವ ಅವಳ ತೋಳು ಹಿಡಿದ, ಅವಳು ಕೊಸರಿಕೊಂಡಳು. "ಅಮ್ಮ ಬರೆದಿದ್ದು ಸರಿಯಾಗೇ ಇತ್ತು. ಬೀಗ ಹಾಕಿದ್ದು ನಾನು. ಇದೇ ಕೈ. ಹಾಕಿಸಿದ್ದು ನೀವು, ನನ್ನ ಕುರ್ಚಿ ಹಿಂದೆ ನಿಂತು. ಹದಿನೇಳೂ ನಾನೇ ಟೈಪ್ ಮಾಡಿದ್ದು."

ಚಿಕ್ಕಮ್ಮ ಬಾಯಿಗೆ ಕೈ ಒತ್ತಿಕೊಂಡಳು. ಗಣಿಯ ಹೆಂಗಸು ಮಗಳನ್ನು ದಿಟ್ಟಿಸಿದಳು. ಹೊಡೆಯುತ್ತಾಳೆ ಎಂದುಕೊಂಡಳು ಮಗಳು, ಹೊಡೆದರೆ ಚೆನ್ನಾಗಿರುತ್ತಿತ್ತು. ಆದರೆ ಹೆಂಗಸು ಕಾಲಬುಡದಲ್ಲಿ ಅಂಟಿ ನಿಂತಿದ್ದ ಹೆಣ್ಣುಮಗುವನ್ನು ಮುಂದಕ್ಕೆ ತಂದು ನಿಲ್ಲಿಸಿದಳು.

"ಇವಳು ಉಳಿದೋಳು. ನಾಲ್ಕು ವರ್ಷ. ಇವಳಿಗೂ ಬೀಗ ಹಾಕಿದ್ಯಾ?"

ಮಗಳು ಬಗ್ಗಿದಳು. ನಾಲ್ಕು ವರ್ಷದ ಮಗುವನ್ನು ಎತ್ತಲು ಎಷ್ಟು ಬಲ ಬೇಕೋ ಅಷ್ಟನ್ನು ತೋಳಿಗೆ ತಂದುಕೊಂಡು ಎತ್ತಿದಳು. ಮಗು ಹಾರಿ ಅವಳ ತಲೆಯ ಮೇಲಕ್ಕೆ ಬಂದುಬಿಟ್ಟಿತು.

ಆಮೇಲೆ ಮಗುವಿನ ತಾಯಿಯ ಮುಖ ನೋಡಿದಳು. ಹೆಂಗಸು ಹೂಂ ಎಂದು ತಲೆಯಾಡಿಸಿದಳು. ಮಗಳು ಗುಂಡಿಯನ್ನು ಬಳಸಿ ನಡೆದು ಕನ್ಸಲ್ಟೆಂಟಿನ ಎದುರು ನಿಂತಳು.

"ಹಿಡ್ಕೊಳ್ಳಿ."

"ಇದೇನಮ್ಮ—"

"ಹಿಡ್ಕೊಳ್ಳಿ ಅಂದೆ!"

ಅವನು ಕೈ ಚಾಚಿದ. ಅವನ ತೋಳುಗಳೂ ಭಾರಕ್ಕೆ ಸಿದ್ಧವಾಗಿ, ಭಾರ ಸಿಗದೆ ಗಲ್ಲದವರೆಗೆ ಎದ್ದವು. ಮಗು ಅಳಲಿಲ್ಲ, ಅಳುವಷ್ಟು ತ್ರಾಣ ಅದಕ್ಕಿರಲಿಲ್ಲ. ಅವನ ಅಂಗಿಯ ಗುಂಡಿಯೊಂದನ್ನು ಬೆರಳಲ್ಲಿ ಹಿಡಿದು, ಭುಜಕ್ಕೆ ತಲೆಯಾನಿಸಿತು.

ಹೆಂಗಸರು ಅಕ್ಕನ ಮುಖ ನೋಡಿ, ಪೆಟ್ಟಿಗೆ ಮುಚ್ಚಿದ ಮೇಲೆ ಒಬ್ಬೊಬ್ಬರಾಗಿ ಬಂದು ಮಣ್ಣು ಹಾಕತೊಡಗಿದರು. ಕನ್ಸಲ್ಟೆಂಟ್ ಅಧಿಕಾರಿಯ ಕಡೆ ನೋಡಿದ, ಡ್ರೈವರಿನ ಕಡೆ ನೋಡಿದ, ಮಗುವಿನ ತಾಯಿಯ ಕಡೆ ನೋಡಿದ. ಮಗುವನ್ನು ತೆಗೆದುಕೊಳ್ಳಲು ಯಾರೂ ಕೈ ಚಾಚಲಿಲ್ಲ. ಅದು ಅವನ ಭುಜದ ಮೇಲೆ ನಿದ್ದೆ ಹೋಯಿತು.